ಶರಣಕ್ಕನ ಮಾತು ನಾನು ಹೇಳಲಿಲ್ಲ

ಶಾಲಾ ಸಮಿತಿಯ ಮುಂದೆ ಶರಣಕ್ಕ ಕನ್ನಡದಲ್ಲಿ ಹೇಳಿದ್ದು ಒಂದು, ನಾನು ಅದನ್ನು ಮರಾಠಿಯಲ್ಲಿ ಹೇಳಿದ್ದು ಇನ್ನೊಂದು. ಬಾಯಿ ತಪ್ಪಿ ಆದದ್ದಲ್ಲ. ಮರಾಠಿ ಬಾರದೆ ಆದದ್ದೂ ಅಲ್ಲ. ಗೊತ್ತಿದ್ದೇ ಸುಳ್ಳು ಹೇಳಿದೆ. ಅವಳು ನನ್ನ ಪಕ್ಕದಲ್ಲೇ ಇದ್ದಳು, ನನ್ನ ಬಾಯಿಯನ್ನೇ ನೋಡುತ್ತ.

ಏಳು ವರ್ಷ ಆಯಿತು. ನನಗೆ ಬರುವ ಕನ್ನಡ ಊರಿನ ಶಾಲೆಯ ಐದನೇ ತರಗತಿಯದ್ದು. ಚಂದ ಮಾಡಿ ಬರೆಯಲು ಬರುವುದಿಲ್ಲ. ಬಂದಿದ್ದರೂ ಈ ವಿಷಯಕ್ಕೆ ಚಂದ ಬೇಡ.

ನಾನು ಮಲ್ಲೇಶ, ಜೇವರ್ಗಿ ಕಡೆಯವನು. ಹನ್ನೊಂದನೇ ವಯಸ್ಸಿಗೆ ಕಾಕಾನ ಜೊತೆ ಮರಾಠಿ ನಾಡಿನ ರಬಾಳೆಗೆ ಬಂದೆ. ನಾವಿದ್ದ ಕೊಳೆಗೇರಿ ಬಸ್ತಿಯ ಹತ್ತಿರದ ಮರಾಠಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕೂತೆ — ಕೂತೆ, ಅಷ್ಟೇ. ಆಮೇಲೆ ಗೋದಾಮಿನಲ್ಲಿ ಮಾಲು ಹೊರುವ ಕೆಲಸ. ಕಾಕಾ ಊರಿಗೆ ತಿರುಗಿ ಹೋದ. ಖೋಲಿಯಲ್ಲಿ ನಾನೊಬ್ಬನೇ ಉಳಿದೆ. ಎರಡು ಬಾಗಿಲು ಆಚೆ ಶರಣಕ್ಕ. ಸಂಬಂಧ ಏನೂ ಇಲ್ಲ, ನಮ್ಮ ಕಡೆಯವಳು ಎನ್ನುವುದು ಬಿಟ್ಟರೆ. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಪುಣೆಗೆ ಕೆಲಸಕ್ಕೆಂದು ಹೋದವನು ಬರಲೇ ಇಲ್ಲ. ಒಬ್ಬಳೇ ಮಗಳು, ಭಾಗ್ಯ. ಆಗ ಅವಳಿಗೆ ಒಂಬತ್ತು.

ಭಾಗ್ಯಳಿಗೆ ಮಾತು ಬರುತ್ತಿರಲಿಲ್ಲ. ಬುದ್ಧಿಯೂ ವಯಸ್ಸಿನಷ್ಟು ಬೆಳೆದಿರಲಿಲ್ಲ. ನಾನು ಕೂತು ಎದ್ದ ಅದೇ ಶಾಲೆಗೆ ಶರಣಕ್ಕ ಅವಳನ್ನು ಸೇರಿಸಿದ್ದಳು. ಅಲ್ಲಿ ಇಂಥ ಮಕ್ಕಳಿಗೆಂದೇ ಒಂದು ಕೋಣೆ, ಒಬ್ಬರು ಟೀಚರ್ ಇದ್ದರು. ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ದೊಡ್ಡ ಗುಂಡಿಗಳಿಗೆ ದಾರ ಪೋಣಿಸುವುದು, ಚಿತ್ರ ತೋರಿಸುವುದು — ಏನೇನೋ ಮಾಡಿಸುತ್ತಿದ್ದರು. ಆರು ತಿಂಗಳಲ್ಲಿ ಭಾಗ್ಯ ಒಂದು ಮಾತು ಕಲಿತಳು. ‘ಪಾ.’ ಪಾಣಿಯ ಪಾ. ನೀರು ಬೇಕಾದರೆ ಪಾ ಎನ್ನುತ್ತಿದ್ದಳು. ಅಲ್ಲಿಯವರೆಗೆ ನೀರಡಿಕೆ ಆದರೆ ತಲೆಯನ್ನು ಗೋಡೆಗೆ ಬಡಿಯುತ್ತಿದ್ದಳು. ಆ ದಿನ ಶರಣಕ್ಕ ಇಡೀ ಸಾಲಿನ ಮನೆಗಳಿಗೆ ಹೋಗಿ ಹೇಳಿ ಬಂದಳು.

“ಮಲ್ಲ್ಯಾ, ನನ್ನ ಮಗಳು ಕೇಳಿ ನೀರು ಕುಡದ್ಳೋ.”

ಆಮೇಲೆ ನಾಲ್ಕನೇ ತರಗತಿಯ ಮೇಷ್ಟ್ರು ವರ್ಗವಾಗಿ ಹೋದರು. ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ಭಾಗ್ಯಳ ಟೀಚರನ್ನು ಆ ತರಗತಿಗೆ ಹಾಕಿದರು. ಬಿಸಿಯೂಟದ ಅಕ್ಕಿ ಚೀಲ, ಮುರಿದ ಬೆಂಚುಗಳು ಆ ಕೋಣೆಗೆ ಬಂದವು. ಭಾಗ್ಯ ಮತ್ತೆ ಇಬ್ಬರು ಮಕ್ಕಳು ಅಕ್ಕಿ ಚೀಲಗಳ ನಡುವೆ ದಿನವೆಲ್ಲ ಕೂತಿರುತ್ತಿದ್ದರು. ಕಾಗದದಲ್ಲಿ ಮಾತ್ರ ಕೋಣೆ ನಡೆಯುತ್ತಿತ್ತು, ಟೀಚರ್ ದಿನಾ ಬರುತ್ತಿದ್ದರು.

ಶಾಲೆಗೆ ಪಾಲಕರ ಸಮಿತಿ ಇರಬೇಕು, ಅದರಲ್ಲಿ ಇಂಥ ಮಗುವಿನ ತಾಯಿಯೋ ತಂದೆಯೋ ಒಬ್ಬರು ಇರಬೇಕು ಎಂದು ನಿಯಮವಂತೆ. ಹಾಗೆ ಶರಣಕ್ಕನನ್ನು ಸದಸ್ಯೆ ಮಾಡಿದ್ದರು. ಅವಳಿಗೆ ಮರಾಠಿ ಬಾರದು. ಸಭೆ ಮುಗಿದ ಮೇಲೆ ರಿಜಿಸ್ಟರ್ ಮನೆಗೇ ಕಳಿಸುತ್ತಿದ್ದರು, ಹೆಬ್ಬೆಟ್ಟು ಒತ್ತುತ್ತಿದ್ದಳು. ಆದರೆ ಆ ಸಲ ಶಿಕ್ಷಣ ಮಂಡಳಿಯಿಂದ ಒಬ್ಬ ಮ್ಯಾಡಂ ಬರುವವರಿದ್ದರು. ಎಲ್ಲ ಶಾಲೆಗಳಲ್ಲಿ ಇಂಥ ಕೋಣೆಗಳು ಹೇಗೆ ನಡೆಯುತ್ತಿವೆ ಎಂದು ನೋಡಿ, ಪಾಲಕರ ಬಾಯಿಂದಲೇ ಕೇಳಿ, ಬರೆದುಕೊಂಡು ಹೋಗಲು. ಪಾಲಕರು ಹೇಳಿದ್ದರ ಮೇಲೆ ಎಲ್ಲಿ ಟೀಚರ್ ಕೊಡಬೇಕು ಎಂದು ಮಂಡಳಿ ತೀರ್ಮಾನ ಮಾಡುತ್ತದೆ ಎಂದು ಹೇಳಿದ್ದರು.

ಶರಣಕ್ಕ ಎರಡು ದಿನ ಮೊದಲೇ ನನ್ನ ಬಾಗಿಲಿಗೆ ಬಂದಳು.

“ತಮ್ಮಾ, ಒಂದಿನ ಕೆಲಸ ಬಿಡು. ನಾ ಹೇಳೂದು ಅವರ ಭಾಷಾದಾಗ ಹೇಳು. ಬ್ಯಾರೆ ಏನೂ ಬ್ಯಾಡ.”

ಬರುತ್ತೇನೆ ಎಂದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದು ಸತ್ಯ, ಆದರೆ ಇದರಿಂದ ನನ್ನ ತಪ್ಪು ಏನೂ ಕಡಿಮೆಯಾಗುವುದಿಲ್ಲ.

ನನಗೆ ಟೆಂಪೋ ಓಡಿಸಬೇಕೆಂದಿತ್ತು. ಬಾಡಿಗೆ ಗಾಡಿ ಓಡಿಸುವ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾದ ದಾಖಲೆ ಬೇಕು. ಇಲ್ಲಿ ದಾಖಲಾ ಎನ್ನುತ್ತಾರೆ. ನಾನು ಏಳಕ್ಕೇ ಬಿಟ್ಟವನು. ಒಂದು ವರ್ಷದಿಂದ ಹೆಡ್‌ಮಾಸ್ತರರ ಹಿಂದೆ ಬಿದ್ದಿದ್ದೆ — ಎಂಟು ಎಂದು ಬರೆದುಕೊಡಿ ಸಾಹೇಬ್ರೆ ಎಂದು. ಬೈದು ಕಳಿಸುತ್ತಿದ್ದರು. ಶರಣಕ್ಕನ ಮಾತು ಹೇಳಲು ನಾನು ಬರುತ್ತೇನೆಂದು ಗೊತ್ತಾಗಿ, ಸಭೆಯ ಹಿಂದಿನ ದಿನ ಅವರೇ ಕರೆಸಿದರು. ಮೇಜಿನ ಖಾನೆ ಎಳೆದು ಒಂದು ಕಾಗದ ತೋರಿಸಿ ಮತ್ತೆ ಒಳಗೆ ತಳ್ಳಿದರು.

“ತುಝಾ ದಾಖಲಾ ತಯಾರ್ ಆಹೇ, ಮಲ್ಲೇಶ. ಉದ್ಯಾ ಮೀಟಿಂಗ್ ನೀಟ್ ಹೋಊ ದೇ.”

ನಿನ್ನ ದಾಖಲಾ ತಯಾರಿದೆ, ನಾಳೆ ಮೀಟಿಂಗ್ ಸರಿಯಾಗಿ ಆಗಲಿ. ಇಷ್ಟೇ. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾನು ತಲೆ ಆಡಿಸಿ ಬಂದೆ.

ಮಾರನೇ ದಿನ ಕೋಣೆ ಗುಡಿಸಿ, ಚೀಲಗಳನ್ನು ವರಾಂಡದ ಆಚೆ ಇಟ್ಟು, ಗೋಡೆಗೆ ಬಣ್ಣದ ಕಾಗದ ಅಂಟಿಸಿದ್ದರು. ಮ್ಯಾಡಂ ಒಳ್ಳೆಯವರೇ. ಶರಣಕ್ಕನಿಗೆ ಕುರ್ಚಿ ಹಾಕಿಸಿ, ನಿಮಗೆ ಏನು ಹೇಳಬೇಕೋ ಹೇಳಿ ಎಂದರು. ಅದನ್ನು ಅವಳಿಗೆ ಕನ್ನಡದಲ್ಲಿ ಸರಿಯಾಗಿಯೇ ಹೇಳಿದೆ. ಶರಣಕ್ಕ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಟೀಚರ್ ಬರಂಗಿಲ್ರೀ. ನನ್ನ ಮಗಳನ್ನ ಅಕ್ಕಿ ಚೀಲದಾಗ ಕುಂದ್ರಸ್ತಾರ. ಈ ಖೋಲಿ ನಿನ್ನಿ ತನಕ ಹಿಂಗ ಇರ್ಲಿಲ್ರೀ. ಆಕಿ ನೀರು ಕೇಳೂದು ಕಲ್ತಾಳ. ಕಲಿಸಿದ್ರ ಇನ್ನಾ ಕಲೀತಾಳ. ಒಬ್ರನ್ನ ಕೊಡ್ರಿ. ನನಗ ಮತ್ತೇನೂ ಬ್ಯಾಡ.”

ಎಲ್ಲರೂ ನನ್ನ ಕಡೆ ತಿರುಗಿದರು. ಹೆಡ್‌ಮಾಸ್ತರರು ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಮರಾಠಿಯಲ್ಲಿ ಹೇಳಿದೆ — ಟೀಚರ್ ದಿನಾ ಬರುತ್ತಾರಂತೆ, ಮಗಳು ನೀರು ಕೇಳುವುದು ಕಲಿತಿದ್ದಾಳಂತೆ, ಇವರಿಗೆ ಸಮಾಧಾನ ಇದೆಯಂತೆ, ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದಾರೆ.

ಅವಳ ಮಾತಿನಿಂದ ನಾನು ಇಟ್ಟುಕೊಂಡದ್ದು ಒಂದೇ, ನೀರು ಕೇಳುವುದು. ಸುಳ್ಳು ನಿಜದಂತೆ ಕಾಣಲಿ ಎಂದು ಅದನ್ನೂ ಬಳಸಿದೆ.

ಮ್ಯಾಡಂ ಮುಖ ಅರಳಿತು. “ಛಾನ್” ಎಂದರು, ಬಹಳ ಚೆನ್ನಾಯಿತು ಎಂದು. ಶರಣಕ್ಕನ ಕಡೆ ನೋಡಿ ನಕ್ಕರು. ಶರಣಕ್ಕನಿಗೆ ಆ ನಗು ಕಂಡಿತು. ಎರಡೂ ಕೈ ಮುಗಿದಳು. ಕಣ್ಣು ತುಂಬಿತ್ತು. ರಿಜಿಸ್ಟರಿನಲ್ಲಿ ‘ಪಾಲಕರು ಸಮಾಧಾನ ವ್ಯಕ್ತಪಡಿಸಿದರು’ ಎಂದು ಬರೆದರು. ಅದರ ಕೆಳಗೆ ಅವಳ ಹೆಬ್ಬೆಟ್ಟು. ಪಕ್ಕದಲ್ಲಿ ಭಾಷೆ ತಿಳಿಸಿದವನು ಎಂದು ನನ್ನ ಸಹಿ.

ಆ ರಾತ್ರಿ ಅವಳು ರೊಟ್ಟಿ, ಶೇಂಗಾ ಹಿಂಡಿ ತಂದು ಕೊಟ್ಟಳು. ನಾನು ತಿಂದೆ.

“ಮ್ಯಾಡಂ ನಕ್ಕಾರಲ್ಲೋ. ಮಾಡಿ ಕೊಡ್ತಾರ ತಗೋ.”

ಅವಳು ಕಾದಳು. ಒಂದು ತಿಂಗಳು, ಎರಡು, ಐದು. ಯಾರೂ ಬರಲಿಲ್ಲ. ಚೀಲಗಳು ಸಭೆಯ ಮರುದಿನವೇ ಕೋಣೆಗೆ ವಾಪಸ್ ಬಂದಿದ್ದವು. ಅಲ್ಲಿ ಕೂರಿಸುವುದಕ್ಕಿಂತ ಮನೆಯೇ ವಾಸಿ ಎಂದು ಶರಣಕ್ಕ ಮಗಳನ್ನು ಬಿಡಿಸಿದಳು. ಕೆಲಸಕ್ಕೆ ಹೋಗುವಾಗ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದಳು. ಬೇರೆ ಏನು ಮಾಡಬೇಕಿತ್ತು ಅವಳು —

ಅಷ್ಟರಲ್ಲಿ ನನಗೆ ದಾಖಲಾ ಸಿಕ್ಕಿತ್ತು. ಲೈಸೆನ್ಸಿಗೆ ಓಡಾಡುತ್ತ ಕೆಲವು ದಿನ ಮಧ್ಯಾಹ್ನ ಖೋಲಿಯಲ್ಲೇ ಇರುತ್ತಿದ್ದೆ. ಆ ಬೀಗ ಹಾಕಿದ ಮನೆಯಿಂದ ಕೇಳುತ್ತಿತ್ತು. ಪಾ. ಪಾ. ಪಾ. ಒಳಗಿನ ಕೊಡ ಖಾಲಿಯಾಗಿರುತ್ತಿತ್ತು, ಇಲ್ಲ ಉರುಳಿರುತ್ತಿತ್ತು. ಎರಡು ಸಲ ಕಿಟಕಿಯ ಸರಳಿನ ನಡುವೆ ಬಾಟಲಿ ತೂರಿಸಿ ನೀರು ಕೊಟ್ಟೆ. ಅವಳು ನನ್ನನ್ನು ನೋಡಿ ನಕ್ಕಳು. ಮೂರನೇ ಸಲ ಮೊಬೈಲಿನಲ್ಲಿ ಹಾಡು ಜೋರಾಗಿ ಹಾಕಿದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಭೇಟಿಯಾದಾಗಲೂ ಶರಣಕ್ಕನಿಗೆ ಇದನ್ನು ಹೇಳಲು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಲೈಸೆನ್ಸ್ ಕೈಗೆ ಬಂದ ಮೇಲೆ ದೂರದ ಕಾಮೋಠೆಯಲ್ಲಿ ಖೋಲಿ ಹಿಡಿದೆ. ಟೆಂಪೋ ನಿಲ್ಲುವ ಜಾಗ ಅಲ್ಲಿಂದ ಹತ್ತಿರ ಎಂದು ಎಲ್ಲರಿಗೂ ಹೇಳಿದೆ. ಹತ್ತಿರವೇನೂ ಇರಲಿಲ್ಲ. ದಿನವೆಲ್ಲ ಗಾಡಿಯಲ್ಲಿ ಒಬ್ಬನೇ, ರಾತ್ರಿ ಖೋಲಿಯಲ್ಲಿ ಒಬ್ಬನೇ. ನಮ್ಮ ಕಡೆಯವರು ಸಿಕ್ಕಿದರೂ ಹಿಂದಿಯಲ್ಲೇ ಎರಡು ಮಾತಾಡಿ ಮುಂದೆ ಹೋಗುತ್ತಿದ್ದೆ. ಕನ್ನಡದಲ್ಲಿ ಮಾತು ಉದ್ದವಾದರೆ ಯಾರಾದರೂ ಶರಣಕ್ಕನ ಹೆಸರು ಎತ್ತುತ್ತಾರೆ ಎಂಬ ಹೆದರಿಕೆ. ಒಂದೊಂದು ದಿನ ಕನ್ನಡದ ಒಂದು ಪದವೂ ಬಾಯಿಂದ ಬಂದಿರುವುದಿಲ್ಲ. ಮದುವೆ ಮಾತು ಬಂದಾಗ ಹುಡುಗಿ ನಮ್ಮ ಬಸ್ತಿಯನ್ನು ಬಲ್ಲವಳು ಎಂದು ಗೊತ್ತಾಗಿ ಬೇಡ ಎಂದೆ. ಎಂಟನೇ ತರಗತಿಯ ಆ ನಿಯಮವನ್ನು ಈಗ ತೆಗೆದುಹಾಕಿದ್ದಾರಂತೆ. ಸ್ಟ್ಯಾಂಡಿನಲ್ಲಿ ಡ್ರೈವರುಗಳು ಖುಷಿಯಿಂದ ಹೇಳುತ್ತಿದ್ದರು. ನಾನು ಗಾಡಿಯೊಳಗೆ ಹೋಗಿ ಕೂತೆ.

ಹೋದ ತಿಂಗಳು ಫೋನ್ ಬಂತು. ನಂಬರ್ ಯಾರದ್ದೋ, ದನಿ ಶರಣಕ್ಕನದ್ದು. ಮಂಡಳಿಯವರು ಮತ್ತೆ ಇಂಥ ಮಕ್ಕಳ ಪಾಲಕರನ್ನೆಲ್ಲ ಕರೆದು ಸಲಹೆ ಕೇಳುತ್ತಿದ್ದಾರಂತೆ. ಶಾಲೆ ಬಿಟ್ಟ ಮಕ್ಕಳ ತಾಯಂದಿರೂ ಬರಬಹುದಂತೆ. ಸೋಮವಾರ, ಮಂಡಳಿಯ ಕಚೇರಿಯಲ್ಲೇ.

“ನೀನೇ ಬಾ ತಮ್ಮಾ. ನಿನ್ನಂಗ ನನ್ನ ಮಾತು ಹೇಳೋರು ಯಾರಿಲ್ಲ. ಆವಾಗ ಆ ಮ್ಯಾಡಂ ಹೆಂಗ ಕೇಳಿದ್ರು.”

ಹೂಂ ಎಂದೆ. ಫೋನ್ ಇಟ್ಟ ಮೇಲೆ ಗಾಡಿ ಶುರು ಮಾಡಲು ಆಗಲಿಲ್ಲ.

ಭಾನುವಾರ ಹೋದೆ. ಮನೆ ಅದೇ, ಬೀಗವೂ ಅದೇ, ಮೊಳೆಗೆ ನೇತಾಡುತ್ತಿತ್ತು. ಭಾಗ್ಯಳಿಗೆ ಹದಿನಾರು. ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನನ್ನನ್ನು ಗುರುತಿಸಲಿಲ್ಲ. ಶರಣಕ್ಕ ಚಹಾ ಇಟ್ಟಳು. ಕಪ್ಪು ಮುಟ್ಟುವ ಮೊದಲೇ ಹೇಳಿದೆ. ನಿಂತೇ ಹೇಳಿದೆ. ದಾಖಲಾ, ಹೆಡ್‌ಮಾಸ್ತರರು, ನಾನು ಮರಾಠಿಯಲ್ಲಿ ಅಂದದ್ದು — ಎಲ್ಲ.

ಅವಳು ಒಂದೇ ಮಾತು ಕೇಳಿದಳು.

“ಮತ್ತ ಆ ಮ್ಯಾಡಂ ನಕ್ಕಿದ್ದು ಯಾಕ?”

ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಹೋಗಿದ್ದೆ. ಇದಕ್ಕೆ ತಯಾರಿರಲಿಲ್ಲ.

“ನೀ ಸಮಾಧಾನ ಇದ್ದಿ ಅಂತ ನಾ ಅಂದಿನಲ್ಲಕ್ಕಾ. ಅದಕ್ಕ ನಕ್ಕರು.”

ಏಳು ವರ್ಷ ಆ ನಗುವನ್ನು ಅವಳು ಇಟ್ಟುಕೊಂಡಿದ್ದಳು. ದೊಡ್ಡವರು ಒಬ್ಬರು ತನ್ನ ಮಾತು ಕೇಳಿ ನಕ್ಕಿದ್ದರು, ಮಾಡಬೇಕೆಂದಿದ್ದರು, ಏನೋ ಅಡ್ಡ ಬಂದಿರಬೇಕು ಎಂದು. ಅದೂ ಹೋಯಿತು.

“ಚಾ ಆರ್ತದ. ಕುಡದ್ ಹೋಗು” ಎಂದಳು.

ಕುಡಿದೆ. ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದಳು.

“ಸೋಮವಾರ ಬಾ. ಆದ್ರ ನನ್ನ ಮಾತು ನೀ ಹೇಳಬ್ಯಾಡ. ನಿನ್ನ ಮಾತು ನೀ ಹೇಳು.”

ಸೋಮವಾರ ಕಚೇರಿಯ ಹಾಲಿನಲ್ಲಿ ನಲವತ್ತು ಜನ ಇದ್ದರು. ಶರಣಕ್ಕ ಭಾಗ್ಯಳ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಖಾರಘರದ ಜಯಂತಿ ಅಕ್ಕ. ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಅಡುಗೆ ಭಟ್ಟರು, ಅವರ ಮಗನೂ ಇಂಥವನೇ. ಅಲ್ಲೇ ಪರಿಚಯ ಆಗಿತ್ತೋ ಮೊದಲೇ ಇತ್ತೋ ನನಗೆ ಗೊತ್ತಿಲ್ಲ. ಶರಣಕ್ಕನ ಮಾತನ್ನು ಮರಾಠಿಯಲ್ಲಿ ಅವರೇ ಹೇಳಿದರು. ಒಂದೊಂದು ಪದವನ್ನೂ ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಒಂದೂ ಬಿಡಲಿಲ್ಲ, ಒಂದೂ ಸೇರಿಸಲಿಲ್ಲ. ಇಷ್ಟು ಸುಲಭ ಇತ್ತು ಅದು.

ಮಂಡಳಿಯ ಸಾಹೇಬರು ಹಳೆಯ ಕಡತ ತರಿಸಿದರು. ಇಲ್ಲಿ ಪಾಲಕರು ಸಮಾಧಾನ ಎಂದಿದ್ದಾರಲ್ಲ, ಆಮೇಲೆ ತಾವಾಗೇ ಬಿಡಿಸಿದ್ದಾರಲ್ಲ ಎಂದರು. ಆಗ ನಾನು ಎದ್ದೆ. ಆ ಸಮಾಧಾನ ನನ್ನದು, ಅವರದ್ದಲ್ಲ ಎಂದೆ. ಯಾರೋ ಹಿಂದಿನಿಂದ “ಕಾಯ್ ಮಾಣೂಸ್ ಆಹೇ” ಎಂದರು, ಎಂಥ ಮನುಷ್ಯ ಇವನು ಎಂದು. ಸಾಹೇಬರು ಬರೆದು ಕೊಡು ಎಂದರು.

ವರಾಂಡದ ಬೆಂಚಿನ ಮೇಲೆ ಕೂತು ನನಗೆ ಬಂದಷ್ಟು ಮರಾಠಿಯಲ್ಲಿ ಬರೆದೆ. ಸಹಿ ಹಾಕಿದೆ. ಎಂಟನೇ ತರಗತಿಯ ದಾಖಲಾವನ್ನೂ ಅದಕ್ಕೆ ಲಗತ್ತಿಸಿ ಕೊಟ್ಟೆ. ಲೈಸೆನ್ಸಿಗೆ ಏನಾಗುತ್ತದೋ ಆಗಲಿ, ಇನ್ನೂ ಯಾರೂ ಕರೆದಿಲ್ಲ. ಕರೆದರೆ ಹೋಗುತ್ತೇನೆ. ಭಾಗ್ಯಳಂಥವರಿಗೆ ಹದಿನೆಂಟರವರೆಗೆ ಅವಕಾಶ ಇದೆಯಂತೆ, ವಾರಕ್ಕೊಮ್ಮೆ ಟೀಚರನ್ನು ಮನೆಗೆ ಕಳಿಸಲು ನೋಡುತ್ತೇವೆ ಎಂದರು. ಎರಡು ವರ್ಷ. ಒಂಬತ್ತು ವರ್ಷ ಸಿಗಬೇಕಿದ್ದವಳಿಗೆ ಎರಡು. ಅದೂ ‘ನೋಡುತ್ತೇವೆ.’

ನನ್ನ ಕಾಗದದ ಒಂದು ನಕಲನ್ನು ಠಸ್ಸೆ ಹೊಡೆದು ಶರಣಕ್ಕನ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಮೆಟ್ಟಿಲಿನ ಹತ್ತಿರ ಬಂದಳು. ನಾನು ಅಲ್ಲೇ ನಿಂತಿದ್ದೆ, ಕೈ ಚಾಚಿದರೆ ಮುಟ್ಟುವಷ್ಟು ದೂರ. ಓದಿ ಹೇಳಲೇ ಎಂದು ಬಾಯಿ ತೆರೆದೆ. ಅವಳು ನನ್ನನ್ನು ದಾಟಿ ಜಯಂತಿ ಅಕ್ಕನಿಗೆ ಕಾಗದ ಕೊಟ್ಟಳು.

“ಅಂವ ಏನ್ ಬರದಾನ, ಇದ್ದದ್ದು ಇದ್ದಂಗ ಓದ್ರಿ ಅಕ್ಕಾ.”

ಜಯಂತಿ ಅಕ್ಕ ನಿಧಾನವಾಗಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಭಾಗ್ಯ ತಾಯಿಯ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮುಗಿದ ಮೇಲೆ ಶರಣಕ್ಕ ಕೇಳಿದಳು, ಇಷ್ಟೇ ಏನ್ರೀ, ಬ್ಯಾರೆ ಏನರ ಅದನ?

“ಇಲ್ಲ ಅಕ್ಕ. ಎಲ್ಲ ಬರೆದಿದ್ದಾನೆ. ಸರಿ ಉಂಟು.”

ಶರಣಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಕೈ ಹಿಡಿದು ಮೆಟ್ಟಿಲು ಇಳಿದಳು. ತಿರುಗಿ ನೋಡಲಿಲ್ಲ.

ಎಲ್ಲ ಬರೆದಿರಲಿಲ್ಲ. ಮೂರನೇ ಸಲ ನಾನು ಕೊಡದ ನೀರಿನ ಮಾತು ಬಿಟ್ಟಿದ್ದೆ. ಮುಂದಿನ ಭಾನುವಾರ ಹೋಗಿ ಅದನ್ನೂ ಹೇಳುತ್ತೇನೆ.