ನೆಲವೇ ಡೊಂಕೆಂದು ತೋರಿಸಿದ ತೂಕದಕ್ಕ

ಬೆಳಗಿನ ಐದೂವರೆ. ಸೂಪರ್ ಮಾರ್ಕೆಟ್ಟಿನ ಮುಂಬಾಗಿಲು ತೆರೆಯಲು ಇನ್ನೂ ಒಂದೂವರೆ ಗಂಟೆ ಇದೆ. ಒಳಗೆ ಅರ್ಧದಷ್ಟು ದೀಪಗಳು ಮಾತ್ರ ಉರಿಯುತ್ತಿವೆ. ಹಿಂಬದಿಯಲ್ಲಿ ಹಾಲಿನ ಕ್ರೇಟುಗಳು ಇಳಿಯುವ ಸದ್ದು ಬಿಟ್ಟರೆ ಅಂಗಡಿಗೆ ಅಂಗಡಿಯೇ ಮಲಗಿದೆ. ನೀಲಿ ಕೋಟು ತೊಟ್ಟ, ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ ಐವತ್ತಮೂರರ ಹೆಂಗಸೊಬ್ಬರು ಸೆರಗಿನ ಮರೆಯಿಂದ ಕಬ್ಬಿಣದ ಒಂದು ಕೆಜಿ ತೂಕದ ಬಟ್ಟು ತೆಗೆದು ಮೊದಲನೇ ಯಂತ್ರದ ತಟ್ಟೆಯ ಮೇಲಿಡುತ್ತಾರೆ. ಪರದೆ ನೋಡುತ್ತಾರೆ, ತಲೆಯಾಡಿಸುತ್ತಾರೆ. ಎರಡನೇ ಯಂತ್ರ, ಮೂರನೆಯದು, ನಾಲ್ಕನೆಯದು. ಮಲಗಿರುವ ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ತಾಯಿಯ ಹಾಗೆ ಎಂಟೂ ಯಂತ್ರಗಳನ್ನು ವಿಚಾರಿಸಿಕೊಂಡು ಬರುತ್ತಾರೆ.

"ರಾತ್ರಿಯೆಲ್ಲ ಇವು ಏನು ಮಾಡ್ತಿದ್ವೋ ಯಾರಿಗೆ ಗೊತ್ತು? ಬೆಳಿಗ್ಗೆ ಒಂದು ಸಲ ಮಾತಾಡ್ಸಿದ್ರೆ ಸಾಯಂಕಾಲದ ತನಕ ಮರ್ಯಾದೆಯಾಗಿ ಇರ್ತವೆ," ಎನ್ನುತ್ತಾರೆ.

ಗಿರಾಕಿಗಳು ತಾವೇ ಸಾಮಾನು ತೋರಿಸಿ, ತಾವೇ ಬಿಲ್ ಮಾಡಿಕೊಂಡು, ತಾವೇ ಚೀಲಕ್ಕೆ ತುಂಬಿಕೊಳ್ಳುವ ಯಂತ್ರಗಳು ಇವು. ಇವುಗಳ ಕಾವಲಿಗೆ, ಇವುಗಳ ಮುಂದೆ ತಬ್ಬಿಬ್ಬಾಗಿ ನಿಂತವರ ನೆರವಿಗೆ ಇರುವವರು ಇವರೊಬ್ಬರೇ. ಅಂಗಡಿಯವರಿಗೂ ಬೀದಿಯವರಿಗೂ ಇವರು 'ತೂಕದಕ್ಕ'. ಆ ಹೆಸರು ಬರಲು ಕಾರಣ ಇವರ ಬಲಗೈ. ಯಾವುದನ್ನಾದರೂ ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿ ಆಡಿಸುವಂತೆ ಒಮ್ಮೆ ಮೇಲೆ ಕೆಳಗೆ ಮಾಡಿದರೆ ತೂಕ ಹೇಳುತ್ತಾರೆ. ಹತ್ತು ಗ್ರಾಮ್ ಆಚೆ ಈಚೆ, ಅಷ್ಟೆ.

ಈ ವಿದ್ಯೆ ಬಂದದ್ದು ತಾಯಿಯಿಂದ. ತಾಯಿ ರಸ್ತೆ ಬದಿಯಲ್ಲಿ ತರಕಾರಿ ಮಾರುತ್ತಿದ್ದವರು. ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈರುಳ್ಳಿ ಕೈಗೆ ಕೊಟ್ಟು, "ಎಷ್ಟಿದೆ ಹೇಳು" ಎನ್ನುತ್ತಿದ್ದರು. ಮಗಳು ಹೇಳಿದ ಮೇಲೆ ತಕ್ಕಡಿಗೆ ಹಾಕುತ್ತಿದ್ದರು. ತಪ್ಪಿದರೆ ಬೈಗುಳವಿಲ್ಲ, ಮತ್ತೊಂದು ಈರುಳ್ಳಿ. "ನಮ್ಮಮ್ಮಂಗೆ ಓದು ಬರಹ ಗೊತ್ತಿರಲಿಲ್ಲ. ಆದ್ರೆ ಕೊಟ್ಟ ತೂಕದಲ್ಲಿ ಒಂದು ಬೆಂಡೆಕಾಯಿ ಕಮ್ಮಿ ಇದ್ರೂ ಗಿರಾಕಿನ ಕೂಗಿ ಕರೆದು ಕೊಡೋಳು. ಕೆಲವರು ಬೀದಿ ಕೊನೆ ತನಕ ಹೋಗಿರೋರು, ನಾನೇ ಓಡಿ ಹೋಗಿ ಕೊಟ್ಟು ಬರ್ತಿದ್ದೆ. ಒಂದು ಬೆಂಡೆಕಾಯಿ!"

ಮುಂದೆ ಇದೇ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಬಿಲ್ ಕೌಂಟರಿನಲ್ಲಿ ಕುಳಿತರು. ಕೆಲಸ ಗಟ್ಟಿ ಎಂದುಕೊಂಡಿದ್ದಾಗಲೇ ಯಂತ್ರಗಳು ಬಂದವು. ಹನ್ನೊಂದು ಜನ ಕೌಂಟರಿನವರಲ್ಲಿ ಒಂಬತ್ತು ಮಂದಿ ಒಂದೇ ತಿಂಗಳಲ್ಲಿ ಮನೆಗೆ ಹೋದರು. ಉಳಿದ ಇಬ್ಬರಲ್ಲಿ ಬೆಳಗಿನ ಪಾಳಿಗೆ ಇವರು, ಮಧ್ಯಾಹ್ನದ ಮೇಲೆ ಇನ್ನೊಬ್ಬರು. ಜೊತೆಗಿದ್ದವರ ಕೆಲಸ ತಿಂದ ಯಂತ್ರದ ಸೇವೆಗೇ ನಿಲ್ಲಬೇಕಾಗಿ ಬಂದದ್ದು ಮೊದಮೊದಲು ಗಂಟಲಲ್ಲಿ ಮುಳ್ಳಾಗಿತ್ತು. ಪರದೆ ಮುಟ್ಟಲೂ ಭಯ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅವರು ಹೇಳಿದ್ದು ಒಂದೇ ಮಾತು: "ಯಂತ್ರಕ್ಕೆ ಹೆದರಬೇಡ. ಅದಕ್ಕೆ ನಿನ್ನ ಕಂಡ್ರೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ." ನರ್ಸಿಂಗ್ ಓದುತ್ತಿದ್ದ ಮಗಳು ದಿನಕ್ಕೆರಡು ಪುಟದಂತೆ ಯಂತ್ರದ ಕೈಪಿಡಿ ಓದಿ ಹೇಳಿದಳು. ಮೂರು ತಿಂಗಳಲ್ಲಿ ಕೈಪಿಡಿಯಲ್ಲಿ ಇಲ್ಲದ್ದೂ ಇವರಿಗೆ ಗೊತ್ತಾಗಿತ್ತು.

ಏಳಕ್ಕೆ ಬಾಗಿಲು ತೆರೆಯುತ್ತದೆ. ಏಳೂಕಾಲಿಗೆ ಮೊದಲ ಕೂಗು: "ದಯವಿಟ್ಟು ಸಹಾಯಕ್ಕಾಗಿ ಕಾಯಿರಿ." ಯಾರೋ ಮನೆಯಿಂದ ತಂದ ದಪ್ಪ ಚೀಲ ಯಂತ್ರಕ್ಕೆ ಗುಮಾನಿ ತಂದಿದೆ. ಇನ್ನೊಂದು ಕಡೆ ಫ್ರಿಜ್ಜಿನ ಪೊಟ್ಟಣದ ಬಾರ್‌ಕೋಡು ಒದ್ದೆಯಾಗಿ ಓದಿಸಿಕೊಳ್ಳುತ್ತಿಲ್ಲ. ಮತ್ತೊಬ್ಬರ ಫೋನಿನಲ್ಲಿ ಹಣ ಕಟ್ಟುವ ಚಕ್ರ ಸುತ್ತುತ್ತಲೇ ಇದೆ, ಹಿಂದೆ ನಿಂತವರ ತಾಳ್ಮೆ ಕರಗುತ್ತಲೇ ಇದೆ. ಪರದೆಯಲ್ಲಿ ಬಟಾಣಿ ಒತ್ತುವ ಬದಲು ಬಾಳೆಹಣ್ಣು ಒತ್ತಿದವರು, ತಟ್ಟೆಯ ಮೇಲೆ ಮೊಣಕೈಯೂರಿ ನಿಂತು "ಇದೇನ್ರೀ ಜಾಸ್ತಿ ತೋರಿಸ್ತಿದೆ" ಎಂದು ರೇಗುವವರು, ಎಲ್ಲರೂ ಇವರ ಪಾಲಿಗೇ. ದಿನಕ್ಕೆ ಹೆಚ್ಚು ಕಡಿಮೆ ಸಾವಿರದ ನೂರು ಗಿರಾಕಿಗಳು. ಯಂತ್ರಗಳು ಇವರನ್ನು ಕೂಗುವುದು ಮುನ್ನೂರು ಸಲ. ಒಮ್ಮೆ ಮಗಳು ಹೆಜ್ಜೆ ಎಣಿಸುವ ತನ್ನ ಫೋನನ್ನು ಅಮ್ಮನ ಜೇಬಿಗೆ ಹಾಕಿ ಕಳಿಸಿದ್ದಳು. ಎಂಟು ಯಂತ್ರಗಳ ನಡುವಿನ ಆ ಚಿಕ್ಕ ಓಣಿಯಲ್ಲಿ ಇವರು ಒಂದೇ ದಿನ ಹದಿನಾಲ್ಕು ಕಿಲೋಮೀಟರ್ ನಡೆದಿದ್ದರು.

"ಯಾರೇ ಆಗ್ಲಿ, ಮೊದಲು 'ಇದು ಎಲ್ರಿಗೂ ಆಗುತ್ತೆ' ಅನ್ನಬೇಕು. ರಿಪೇರಿ ಆಮೇಲೆ. ಜನಕ್ಕೆ ಯಂತ್ರ ಕೆಟ್ಟಿದ್ದಕ್ಕಿಂತ ನಾಲ್ಕು ಜನರ ಮುಂದೆ ತಾವು ದಡ್ಡರಾದ್ವಲ್ಲಾ ಅನ್ನೋದೇ ಉರಿ," ಎನ್ನುತ್ತಾರೆ ತೂಕದಕ್ಕ.

ಇಷ್ಟೇ ಆಗಿದ್ದರೆ ಇವರೊಬ್ಬ ಒಳ್ಳೆಯ ಕೆಲಸಗಾರ್ತಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಹೋದ ವರ್ಷದ ಆರನೇ ಯಂತ್ರದ ಸಂಗತಿಗೆ ಬಂದು ನಿಲ್ಲುತ್ತಾರೆ.

ತಂಪು ಪೆಟ್ಟಿಗೆಗಳ ಪಕ್ಕದ ಆ ಆರನೇ ಯಂತ್ರ ಇದ್ದಕ್ಕಿದ್ದಂತೆ ಹೆಚ್ಚು ಕೂಗಲಾರಂಭಿಸಿತು. ಬೇರೆ ಯಂತ್ರಗಳು ದಿನಕ್ಕೆ ನಲವತ್ತು ಸಲ ಕರೆದರೆ ಇದು ತೊಂಬತ್ತು ಸಲ. ಪ್ರತಿ ಸಲವೂ ಒಂದೇ ದೂರು: ಚೀಲದಲ್ಲಿ ಬಿಲ್ಲಿಗಿಂತ ಹೆಚ್ಚು ತೂಕವಿದೆ. ಅಂದರೆ ಗಿರಾಕಿ ಏನನ್ನೋ ತೋರಿಸದೆ ಒಳಗೆ ಹಾಕಿಕೊಂಡಿದ್ದಾರೆ. ತೂಕದಕ್ಕ ಚೀಲ ಎತ್ತಿ ನೋಡಿದರೆ ಕೈ ಬೇರೆಯೇ ಹೇಳುತ್ತಿತ್ತು. ಮರುದಿನ ಬೆಳಿಗ್ಗೆ ಕಬ್ಬಿಣದ ಬಟ್ಟು ಇಟ್ಟರೆ ಪರದೆಯಲ್ಲಿ ಸರಿಯಾಗಿ ಒಂದು ಕೆಜಿ! ಹನ್ನೆರಡು ದಿನ ಹೀಗೇ ಆಯಿತು.

ಸೂಪರ್‌ವೈಸರ್‌ಗೆ ಹೇಳಿದರು. ಆತ ಇಪ್ಪತ್ತೊಂಬತ್ತರ ಚುರುಕು ಯುವಕ. ಯಂತ್ರದ ಕಂಪನಿಯವರು ದೂರದಿಂದಲೇ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದಿದ್ದರು. "ಅಕ್ಕಾ, ಯಂತ್ರ ಸರಿ ಇದೆ. ಸುಮ್ಮನೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮಾಡ್ಬೇಡಿ," ಎಂದು ನಕ್ಕುಬಿಟ್ಟ.

ಆ ಮಾತು ತಾಗಿತು. ಸಂಜೆ ಮನೆಗೆ ಬಂದು ಊಟದ ಮೇಜಿನ ಮುಂದೆ ಕುಳಿತು ಬಲಗೈಯನ್ನೇ ನೋಡಿಕೊಂಡರು. "ನನ್ನ ಕೈಗೇ ವಯಸ್ಸಾಯ್ತೇನೋ ಕಣೇ," ಎಂದರು ಮಗಳಿಗೆ. ಮಗಳು ಟವೆಲ್ಲಿನಿಂದ ಅಮ್ಮನ ಕಣ್ಣು ಕಟ್ಟಿ, ಅಡುಗೆಮನೆಯ ಪುಟ್ಟ ತೂಕದ ಯಂತ್ರ ತಂದಿಟ್ಟು, ಒಂದೊಂದೇ ಸಾಮಾನು ಕೈಗೆ ಕೊಡತೊಡಗಿದಳು. ಆಲೂಗಡ್ಡೆ, ಉಪ್ಪಿನ ಡಬ್ಬಿ, ಅಪ್ಪನ ಸ್ಪ್ಯಾನರ್. ಹತ್ತರಲ್ಲಿ ಒಂಬತ್ತು ಸರಿ. ಹತ್ತನೆಯದಕ್ಕೆ ಅಮ್ಮ ರೇಗಿದರು: "ಹೆಬ್ಬೆಟ್ಟು ತೆಗಿಯೇ ಕತ್ತೆ! ಒತ್ತಿ ಮೋಸ ಮಾಡ್ತೀಯಾ?" ಮಗಳು ನಿಜವಾಗಿಯೂ ಅಮ್ಮನ ಕೈಲಿದ್ದ ಸಾಮಾನಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಿದ್ದಳು. ಟವೆಲ್ ಬಿಚ್ಚಿ ಅಮ್ಮನ ಕೈ ಹಿಡಿದು, "ನಿನ್ನ ಕೈಗೆ ಏನೂ ಆಗಿಲ್ಲಮ್ಮಾ," ಎಂದಳು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗಲಾಟೆ ಕೇಳಿ ತೂಕದಕ್ಕ ಓಡಿ ಬಂದರು. ಆರನೇ ಯಂತ್ರದ ಮುಂದೆ ಅಂಚೆಯಣ್ಣ ನಿಂತಿದ್ದರು. ಆ ಬೀದಿಗಳಲ್ಲಿ ಮೂವತ್ತನಾಲ್ಕು ವರ್ಷ ಕಾಗದ ಹಂಚಿ ನಿವೃತ್ತರಾದವರು. ಒಂದೇ ವಾರದಲ್ಲಿ ಮೂರನೇ ಸಲ ಅವರ ಚೀಲದಲ್ಲಿ ತೂಕ ಹೆಚ್ಚಾಗಿತ್ತು. ಬಿಲ್ಲಿಗೆ ಕೊಟ್ಟ ಫೋನ್ ನಂಬರಿನಿಂದ ಗುರುತು ಹಿಡಿದು, ಒಬ್ಬರಿಗೇ ಮೂರು ಸಲವಾದರೆ ಯಂತ್ರ ತಾನೇ ಸೆಕ್ಯುರಿಟಿಯನ್ನು ಕರೆಯುತ್ತದೆ. ಸೆಕ್ಯುರಿಟಿಯವನು ಚೀಲ ಬರಿದು ಮಾಡಿ, ಜೇಬೂ ತೋರಿಸಿ ಎನ್ನುತ್ತಿದ್ದ. ಸಾಲಿನಲ್ಲಿ ಹನ್ನೆರಡು ಮಂದಿ ನೋಡುತ್ತಿದ್ದರು.

"ನಾನು ಆಯುಷ್ಯದಲ್ಲಿ ಇನ್ನೊಬ್ಬರ ಒಂದು ಲಕೋಟೆ ತೆರೆದು ನೋಡಿದವನಲ್ಲ ಮಗಾ," ಎಂದರು ಅಂಚೆಯಣ್ಣ.

ತೂಕದಕ್ಕ ಚೀಲಕ್ಕೆ ಸಾಮಾನು ಮತ್ತೆ ತುಂಬಿ ಕೈಯಲ್ಲಿ ಎತ್ತಿದರು. ಒಂದು ಕೆಜಿ ಸಕ್ಕರೆ, ಒಂದು ಕೆಜಿ ಹಿಟ್ಟು, ಕಾಲು ಕೆಜಿ ಚಹಾ ಪುಡಿ, ಒಂದು ಸಾಬೂನು. ಕಣ್ಣು ಮುಚ್ಚಿದರು. "ಎರಡು ಕೆಜಿ ನಾನೂರು. ಇದರಲ್ಲಿ ಕದ್ದದ್ದು ಏನೂ ಇಲ್ಲ."

ಮೊದಲು ತೂಗಿದ ಎರಡು ಕೆಜಿ ಐನೂರ ಎಪ್ಪತ್ತನ್ನು ಪರದೆ ಇನ್ನೂ ತೋರಿಸುತ್ತಿತ್ತು. ಅಷ್ಟರಲ್ಲಿ ಬಂದ ಸೂಪರ್‌ವೈಸರ್ ಪರದೆಯತ್ತ ಕೈ ತೋರಿಸಿದ. "ಅಕ್ಕಾ, ಯಂತ್ರ ಸುಳ್ಳು ಹೇಳುತ್ತಾ?"

"ಈ ಚೀಲಾನ ಎರಡನೇ ಯಂತ್ರಕ್ಕೆ ಹಾಕಿ. ಇದು ಹೇಳಿದ್ದನ್ನೇ ಅದೂ ಹೇಳಿದ್ರೆ ಈ ಕೋಟು ಬಿಚ್ಚಿ ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ. ನಾಳೆಯಿಂದ ಬರಲ್ಲ."

ಅದು ಬಾಯಿಮಾತಲ್ಲ ಎಂದು ಎಲ್ಲರಿಗೂ ತಿಳಿಯಿತು. ಮಗಳ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು. ಇವರ ಸಂಬಳವಿಲ್ಲದೆ ಅದು ಮುಗಿಯುವಂತಿರಲಿಲ್ಲ. ಸೂಪರ್‌ವೈಸರ್ ತಾನೇ ಚೀಲ ಹೊತ್ತು ಎರಡನೇ ಯಂತ್ರಕ್ಕೆ ತಂದ. ಸಾಲಿಗೆ ಸಾಲೇ ಅವನ ಹಿಂದೆ ಸರಿಯಿತು. ಪರದೆಯಲ್ಲಿ ಅಂಕಿಗಳು ಓಡಿ ನಿಂತವು. ಎರಡು ಕೆಜಿ ನಾನೂರ ಆರು.

ಪವಾಡ ನೋಡಿದವರಂತೆ ಒಬ್ಬಾಕೆ ತೂಕದಕ್ಕನ ಕೈ ನೋಡಿದಳು, ಇನ್ನೊಬ್ಬ ಪರದೆ ನೋಡಿದ. ತೂಕದಕ್ಕ ಮಾತ್ರ ಆಗಲೇ ಆರನೇ ಯಂತ್ರದ ಪಕ್ಕ ಮಂಡಿಯೂರಿದ್ದರು. ತಮ್ಮ ಬಟ್ಟಿಗೆ ಸರಿ ತೋರಿಸುವ ಯಂತ್ರ ಗಿರಾಕಿಯ ಚೀಲಕ್ಕೆ ಮಾತ್ರ ಏಕೆ ತಪ್ಪುತ್ತದೆ? ಬಟ್ಟಿಗೂ ಚೀಲಕ್ಕೂ ಇರುವ ವ್ಯತ್ಯಾಸವೇನು? ಬಟ್ಟು ತಟ್ಟೆಯ ಮೇಲಷ್ಟೇ ಕೂರುತ್ತದೆ, ಚೀಲದ ಹಿಡಿಯನ್ನು ತಟ್ಟೆಯ ಪಕ್ಕದ ಕಂಬಿಯ ಕೊಕ್ಕೆಗೂ ನೇತು ಹಾಕುತ್ತಾರೆ! ಮಕ್ಕಳ ಆಟಿಕೆಯ ಕಡೆಯಿಂದ ಒಂದು ಪ್ಲಾಸ್ಟಿಕ್ ಚೆಂಡು ತರಿಸಿ ಯಂತ್ರದ ಬುಡದಲ್ಲಿಟ್ಟರು. ಯಾರೂ ಮುಟ್ಟದಿದ್ದರೂ ಚೆಂಡು ತಾನಾಗಿ ಉರುಳಿತು. ತಂಪು ಪೆಟ್ಟಿಗೆಯಿಂದ ವಾರಗಟ್ಟಲೆ ಸೋರಿದ ನೀರಿಗೆ ಕೆಳಗಿನ ಹಾಸು ಕುಸಿದಿತ್ತು. ಯಂತ್ರ ಕೂದಲೆಳೆಯಷ್ಟು ವಾಲಿತ್ತು. ಕೊಕ್ಕೆಗೆ ಚೀಲ ಹಾಕಿದಾಗಲೆಲ್ಲ ಅದರ ಕಂಬಿ ಬಾಗಿ ತೂಕದ ತಟ್ಟೆಯನ್ನು ಒತ್ತುತ್ತಿತ್ತು. ಕಂಬಿಯ ಭಾರವೆಲ್ಲ ಗಿರಾಕಿಯ ಲೆಕ್ಕಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ನೋಡಪ್ಪಾ, ನೆಲ ಡೊಂಕೇ ಇದೆ," ಎಂದರು ತೂಕದಕ್ಕ ಮೆಲ್ಲಗೆ. ಸೂಪರ್‌ವೈಸರನ ಮುಖ ಕೆಂಪಾಯಿತು.

ಕಥೆ ಅಲ್ಲಿಗೇ ಮುಗಿದಿದ್ದರೆ ಚಪ್ಪಾಳೆಗೆ ಸಾಕಾಗುತ್ತಿತ್ತು. ಆದರೆ ಆರನೇ ಯಂತ್ರ ಆ ಎರಡು ವಾರಗಳಲ್ಲಿ ಮತ್ತೆ ಮತ್ತೆ ತೂಕ ಹೆಚ್ಚು ತೋರಿದ ಅರವತ್ತಮೂರು ಮಂದಿಯ ಫೋನ್ ನಂಬರನ್ನು ಅನುಮಾನದ ಪಟ್ಟಿಗೆ ಸೇರಿಸಿತ್ತು. ಪಟ್ಟಿ ಅಳಿಸಿದರೆ ಸಾಲದು, ಪ್ರತಿಯೊಬ್ಬರಿಗೂ ಫೋನ್ ಮಾಡಿ ತಪ್ಪಾಯಿತು ಎನ್ನಬೇಕು ಎಂದು ತೂಕದಕ್ಕ ಪಟ್ಟು ಹಿಡಿದರು. ಅರ್ಧ ಪಟ್ಟಿಗೆ ಸೂಪರ್‌ವೈಸರ್, ಇನ್ನರ್ಧಕ್ಕೆ ಇವರೇ ಊಟದ ಬಿಡುವಿನಲ್ಲಿ ಫೋನ್ ಮಾಡಿದರು. ಕೆಲವರು ಬೈದರು. ಒಬ್ಬ ಹೆಂಗಸು ಅತ್ತರು. ಯಂತ್ರ ಹೇಳಿದ್ದನ್ನು ನಂಬಿ ತಮ್ಮ ಮಗನಿಗೇ ಹೊಡೆದಿದ್ದರಂತೆ.

ಅಂಚೆಯಣ್ಣ ಫೋನ್ ಎತ್ತಲಿಲ್ಲ. ಹನ್ನೊಂದು ದಿನ ಅಂಗಡಿಯತ್ತ ಸುಳಿಯಲೂ ಇಲ್ಲ. ರಜೆಯ ದಿನ ತೂಕದಕ್ಕ ಅವರ ಮನೆಯ ಮೂರು ಮಹಡಿ ಹತ್ತಿದರು. ಅಂಚೆಯಣ್ಣ ಬಾಗಿಲು ತೆರೆದು ಕುರ್ಚಿ ಕೊಟ್ಟರು. "ಯಂತ್ರದ ಮೇಲೆ ನಂಗೆ ಸಿಟ್ಟಿಲ್ಲ ತಂಗೀ," ಎಂದರು. "ಆ ಸಾಲಿನಲ್ಲಿದ್ದೋರ ಮನೆಗೆಲ್ಲ ನಾನು ಕಾಗದ ಕೊಟ್ಟಿದೀನಿ. ಒಬ್ರಾದ್ರೂ 'ಅವರು ಅಂಥವರಲ್ಲ' ಅನ್ನಲಿಲ್ಲ."

"ನಾನಂದೆನಲ್ಲಣ್ಣಾ."

"ನೀನಂದೆ," ಎಂದು ಅವರು ಕಣ್ಣೊರೆಸಿಕೊಂಡರು. "ಕೋಟು ಬಿಚ್ಚಿಡ್ತೀನಿ ಅಂದ್ಯಲ್ಲ, ಹುಚ್ಚಿ." ಮರುದಿನ ಬೆಳಿಗ್ಗೆ ಏಳಕ್ಕೆ ಅವರು ಬಂದರು. ಖಾಲಿಯಿದ್ದ ಏಳು ಯಂತ್ರ ಬಿಟ್ಟು, ಆರನೆಯದರ ಮುಂದೆಯೇ ಬೆನ್ನು ನೆಟ್ಟಗೆ ಮಾಡಿ ನಿಂತರು.

ಈಗ ಅಲ್ಲಿ ಹೊಸ ಹಾಸು ಬಂದಿದೆ. ಮೂರು ಸಲ ತಪ್ಪಿದರೆ ಮೊದಲು ತೂಕದಕ್ಕನನ್ನು ಕರೆಯಬೇಕು, ಆಮೇಲೆ ಸೆಕ್ಯುರಿಟಿ ಎಂಬ ನಿಯಮವೂ ಬಂದಿದೆ. ಸಂಬಳವೇನೂ ಏರಿಲ್ಲ, ಅಂಗಡಿಯ ಗೋಡೆಯ ಮೇಲೆ ಇವರ ಚಿತ್ರವೂ ಇಲ್ಲ. ಸೂಪರ್‌ವೈಸರ್ ಮಾತ್ರ ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ: "ಅಕ್ಕ ಏನಾದ್ರೂ ಸರಿ ಇಲ್ಲ ಅಂದ್ರೆ ಈಗ ನಾನು ಮೊದಲು ಬಗ್ಗಿ ನೆಲ ನೋಡ್ತೀನಿ."

ಮಧ್ಯಾಹ್ನ ಎರಡೂವರೆಗೆ ಪಾಳಿ ಮುಗಿಯುತ್ತದೆ. ಸಾಮಾನಿನ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕುಳಿತು, ಚಪ್ಪಲಿ ಬಿಟ್ಟು, ಊದಿದ ಪಾದ ಒತ್ತಿಕೊಳ್ಳುತ್ತಾರೆ ತೂಕದಕ್ಕ. ನಿವೃತ್ತಿಗೆ ಇನ್ನು ಐದು ವರ್ಷ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ನಾಚುತ್ತಾರೆ, ಆಮೇಲೆ ನಗುತ್ತಾರೆ.

"ಬೇರೆ ಯಾವುದಾದ್ರೂ ಊರಿಗೆ ಹೋಗಿ, ನನ್ನ ಗುರುತೇ ಇಲ್ಲದ ಅಂಗಡೀಲಿ ಸಾಮಾನು ತಗೋಬೇಕು. ಅಲ್ಲಿನ ಯಂತ್ರ ಬಾಯಿ ಬಡ್ಕೊಳ್ಳಿ. ಎಲ್ಲಿ ಕೆಟ್ಟಿದೆ ಅಂತ ನಂಗೆ ಗೊತ್ತಿದ್ರೂ ಸರಿ, ಕೈಕಟ್ಟಿ ನಿಂತ್ಕೋತೀನಿ. ಯಾರಾದ್ರೂ ಒಬ್ರು ಓಡಿ ಬಂದು ನನ್ನನ್ನ ಕೇಳ್ಬೇಕು, 'ಏನಾಯ್ತಕ್ಕಾ?' ಅಂತ."