ಪಡು ಕಿಟಕಿಯ ಕಾಗದಗಳು

ಮಧ್ಯಾಹ್ನ ಮೂರು ಕಳೆದ ಮೇಲೆ ಕಾಪುವಿನ ನನ್ನ ಪರದೆ ಅಂಗಡಿಗೆ ಸಮುದ್ರದ ಗಾಳಿ ಬರುತ್ತದೆ. ಬಾಗಿಲಲ್ಲಿ ಒಳಬಂದು, ತೂಗುಹಾಕಿದ ಸ್ಯಾಂಪಲ್ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಹಿಂದಿನ ಕಿಟಕಿಯಿಂದ ಹೊರಟುಹೋಗುತ್ತದೆ, ಏನೂ ಕೊಳ್ಳದ ಗಿರಾಕಿಯ ಹಾಗೆ. ಆಗ ಬಟ್ಟೆಗಳೆಲ್ಲ ಸ್ವಲ್ಪ ಉಬ್ಬಿ ಇಳಿಯುತ್ತವೆ. ಅಂಗಡಿಯೇ ಉಸಿರಾಡುತ್ತಿದೆ ಅನ್ನಿಸುತ್ತದೆ. ನಾನು ಮೇಲ್ ಓದುವುದು ಆ ಹೊತ್ತಿನಲ್ಲಿ.

ಪರದೆ ಮಾರುವವಳಿಗೆ ಮೇಲ್ ಯಾಕೆ ಎಂದು ಕೇಳಬಹುದು. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನರ ಮನೆ ಶಿರ್ವದಲ್ಲೋ ಉದ್ಯಾವರದಲ್ಲೋ ಇರುತ್ತದೆ, ಅವರು ಮಾತ್ರ ಕುವೈತಿನಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ. ಕಿಟಕಿಯ ಅಳತೆ ಅಲ್ಲಿಂದ ಬರುತ್ತದೆ, ಬಟ್ಟೆಯ ಫೋಟೋ ಇಲ್ಲಿಂದ ಹೋಗುತ್ತದೆ, ಚೌಕಾಸಿ ನಡುವೆ ಎಲ್ಲೋ ಸಮುದ್ರದ ಮೇಲೆ ನಡೆಯುತ್ತದೆ. ಜಗಲಿಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಶುರು ಮಾಡಿದವಳು ನಾನು. ಹೊಸಬರಿಗೆ ಇವತ್ತಿಗೂ ಹೇಳುತ್ತೇನೆ: ಅಳತೆಯನ್ನು ಫೋನಿನಲ್ಲಿ ಕೇಳಬೇಡಿ, ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ ಅಳತೆ ಪರದೆ ಹೊಲಿದ ಮೇಲೆ ಎರಡು ಇಂಚು ಬದಲಾಗುತ್ತದೆ.

ಹಾಗೆ ಬರೆಯುತ್ತಿದ್ದವರಲ್ಲಿ ಒಬ್ಬಳಿದ್ದಳು. ಉದ್ಯಾವರದಲ್ಲಿ ಹುಟ್ಟಿ, ಮದುವೆಯಾಗಿ ಕುವೈತಿಗೆ ಹೋದವಳು. ಗಂಡ ಹೆಂಡತಿ ಶಿರ್ವದ ಹತ್ತಿರ ಪದವಿನ ಮೇಲೆ, ಸುತ್ತ ಮರವಿಲ್ಲದ ಎತ್ತರದ ಬಯಲಿನಲ್ಲಿ, ಒಂದು ಮನೆ ಕಟ್ಟಿಸುತ್ತಿದ್ದರು. ಸಾಲ ಮಾಡದೆ ನಿಧಾನಕ್ಕೆ, ಒಂದು ರಜೆಗೆ ಒಂದು ಗೋಡೆ ಎನ್ನುವ ಹಾಗೆ. ಒಂಬತ್ತು ವರ್ಷ ಅವಳು ನನಗೆ ಬರೆದಳು. ಅಳತೆ ಎರಡು ಸಾಲು, ಉಳಿದದ್ದೆಲ್ಲ ಮಾತು. ಅಲ್ಲಿ ಕಿಟಕಿ ತೆರೆದರೆ ಮರಳು ಬರುತ್ತದಂತೆ, ಅದಕ್ಕೆ ತೆರೆಯುವುದೇ ಇಲ್ಲವಂತೆ. ಊರಿನ ಮನೆಯಲ್ಲಿ ಎಲ್ಲ ಕಿಟಕಿಗಳನ್ನೂ ತೆರೆದು ನಡುವೆ ಸುಮ್ಮನೆ ಕೂತಿರುವುದೇ ಅವಳ ಆಸೆಯಂತೆ. ಅಂಗಡಿಗೆ ಬಂದದ್ದು ಎರಡೇ ಸಲ. ಮುಖಕ್ಕಿಂತ ಹೆಚ್ಚಾಗಿ ಅವಳ ಅಕ್ಷರಗಳೇ ನನಗೆ ಪರಿಚಯ.

ಮನೆ ಮುಗಿಯುವ ಮೊದಲೇ ಅವಳು ಅಲ್ಲೇ ಕಾಯಿಲೆಯಿಂದ ತೀರಿಹೋದಳು. ವರ್ಷಾಂತಿಕ ಮುಗಿಸಿ ಗಂಡ ಊರಿಗೇ ಬಂದರು. ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆ, ದಿನ ಇಟ್ಟಾಗಿತ್ತು. ಹತ್ತು ದಿನ ಇರುವಾಗ ಅಂಗಡಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಬೇರೆ ಎಲ್ಲ ಕೋಣೆಗಳ ಪರದೆ ಯಾವುದೆಂದು ಅವಳು ಚೀಟಿಯಲ್ಲಿ ಬರೆದಿಟ್ಟದ್ದು ಉಂಟು, ಮಹಡಿಯ ಪಡುವಣ ಕಿಟಕಿಯದ್ದು ಮಾತ್ರ ಇಲ್ಲ ಎಂದರು.

ನಾನು ಯೋಚಿಸಲೇ ಇಲ್ಲ. "ಹಸಿರು. ನನಗೆ ಸರಿಯಾಗಿ ನೆನಪುಂಟು," ಎಂದೆ. ನೆನಪಿದ್ದದ್ದು ಸುಳ್ಳಲ್ಲ. ಬಟ್ಟೆಯೂ ಕಪಾಟಿನಲ್ಲಿತ್ತು.

ಅವರು ಆ ಹಸಿರು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, ಮಡಿಸಿ ನನ್ನ ಕಡೆಗೇ ಸರಿಸಿದರು.

"ನಿಮ್ಮ ನೆನಪು ಬೇಡ ಅಕ್ಕ. ಆ ಕಿಟಕಿಯ ವಿಷಯ ನಿಮಗೆ ಬರೆದಿದ್ದೇನೆ ಅಂತ ಅವಳು ಹೇಳಿದ್ದಳು. ಎಂತ ಬರೆದದ್ದು, ಅದು ನನಗೆ ಬೇಕು. ಅದೊಂದು ಕೋಣೆ ಅವಳ ಮಾತಿನ ಹಾಗೆ ಆಗ್ಬೇಕು."

ತೋರಿಸುತ್ತೇನೆ ಎಂದೆ. ಅವರು ಹೋದ ಮೇಲೆ, ಹೇಗೂ ಹಸಿರೇ ತಾನೇ ಎಂದು ಬಟ್ಟೆಯನ್ನು ಕತ್ತರಿಸಿಯೂ ಇಟ್ಟೆ.

ಆದರೆ ನನ್ನ ಮೇಲ್ ಪೆಟ್ಟಿಗೆ ತುಂಬಿಹೋಗಿತ್ತು. ಫೋನಿನಲ್ಲಿ ಹುಡುಕಿದರೆ ಹೊಸ ಕಾಗದಗಳು ಮಾತ್ರ ಬರುತ್ತಿದ್ದವು, ಹಳೆಯದಕ್ಕೆ ಹೋಗುವಷ್ಟರಲ್ಲಿ ಅದು ಸುತ್ತುತ್ತಾ ನಿಲ್ಲುತ್ತಿತ್ತು. ಬೆರಳಿಟ್ಟಲ್ಲೆಲ್ಲ, ಜಾಗ ಮುಗಿದಿದೆ, ತಿಂಗಳಿಗಿಷ್ಟು ಕೊಟ್ಟರೆ ಇನ್ನಷ್ಟು ಜಾಗ ಎಂಬ ಜಾಹೀರಾತು. ನನಗೆ ಬಂದ ಕಾಗದ ಇಡಲು ನಾನೇ ಬಾಡಿಗೆ ಕೊಡುವುದೆಂದರೆ ಹೇಗೆ? ಕೊಡುವುದಿಲ್ಲ ಎಂದು ಸೊಸೆಯ ಹತ್ತಿರ ಹೇಳಿದೆ.

ಸೊಸೆ ಮಣಿಪಾಲದ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಕಾರ್ಕಳದ ಕೊಂಕಣಿ ಮನೆಯ ಹುಡುಗಿ, ನಮ್ಮದು ತುಳು, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಅವಳು ಹೇಳಿದಳು, ಕಂಪ್ಯೂಟರಿಗೆ ಹಾಕಿಕೊಳ್ಳುವ ಒಂದು ಮೇಲ್ ಪ್ರೋಗ್ರಾಮ್ ಉಂಟು, ದುಡ್ಡಿಲ್ಲ, ಲೋಕದ ಬೇರೆ ಬೇರೆ ಊರಿನವರು ಸೇರಿ ಮಾಡಿದ್ದು, ಒಳಗೆ ಹೇಗೆ ಹೆಣೆದಿದ್ದಾರೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಕಾಗದಗಳೆಲ್ಲ ಇಳಿದು ನಮ್ಮ ಕಂಪ್ಯೂಟರಿನಲ್ಲೇ ಬಂದು ಕೂರುತ್ತವೆ, ಆಮೇಲೆ ಹುಡುಕುವುದು ಸುಲಭ.

ಬಿಟ್ಟಿ ಕೊಡುವವರನ್ನು ನಾನು ನಂಬಿ ಗೊತ್ತಿಲ್ಲ. ಅವರಿಗೆ ಎಂತ ಲಾಭ ಎಂದು ಕೇಳಿದೆ.

"ಅತ್ತೆ, ನಿಮಗೆ ಚೌಕಾಸಿ ಮಾಡ್ಲಿಕ್ಕೆ ಅಲ್ಲಿ ಯಾರೂ ಇಲ್ಲ. ಅದೇ ನಿಮಗೆ ಬೇಜಾರು ಅಲ್ವಾ," ಎಂದಳು.

ಅಂಗಡಿಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಮಣಿಪಾಲದಲ್ಲಿ ಓದು ಮುಗಿಸಿದವರು ಹಾಸ್ಟೆಲ್ ಬಿಡುವ ವಾರ ಹೋದರೆ ಮೇಜು, ಕೂಲರ್, ಕಂಪ್ಯೂಟರ್ ಎಲ್ಲ ಕೇಳಿದ ರೇಟಿಗೆ ಸಿಗುತ್ತದೆ. ರೈಲಿನ ಟಿಕೇಟು ಕೈಯಲ್ಲಿರುವವರು ಹೆಚ್ಚು ವಾದ ಮಾಡುವುದಿಲ್ಲ. ಹಾಗೆ ತಂದದ್ದು ಅದು. ಭಾನುವಾರ ಬೆಳಿಗ್ಗೆ ಸೊಸೆ ಪ್ರೋಗ್ರಾಮನ್ನು ಇಳಿಸಿ ತೆರೆದಳು. ಹೆಸರು ಕೇಳಿತು, ಮೇಲ್ ವಿಳಾಸ ಕೇಳಿತು, ಪಾಸ್‌ವರ್ಡ್ ಕೇಳಿತು. ಅಂಚೆ ಎಲ್ಲಿಂದ ತರಬೇಕು, ಎಲ್ಲಿಗೆ ಕಳಿಸಬೇಕು ಎಂಬುದನ್ನೆಲ್ಲ ತಾನೇ ವಿಚಾರಿಸಿಕೊಂಡಿತು. ಇಷ್ಟೇನಾ ಎಂದೆ. ಇಷ್ಟೇ ಎಂದಳು. ಮಧ್ಯಾಹ್ನದ ಬಸ್ಸಿಗೆ ಅವಳು ತವರಿಗೆ ಹೊರಟಿದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಅದರಷ್ಟಕ್ಕೆ ಬರ್ಲಿ. ಎರಡು ದಿನ ನೀವು ಎಂತದೂ ಮುಟ್ಟಬೇಡಿ," ಎಂದು ಹೇಳಿದಳು.

ನಾನು ನೋಡುತ್ತಾ ಕೂತೆ. ಮೊದಲು ಬಂದದ್ದು ಹೊಸ ಕಾಗದಗಳು, ಆಮೇಲೆ ಹೋದ ವರ್ಷದವು, ಅದರ ಹಿಂದಿನವು. ಸಾಲುಗಳು ಸದ್ದಿಲ್ಲದೆ ಇಳಿಯುತ್ತಿದ್ದವು. ನಡುನಡುವೆ ಅವಳ ಹೆಸರು. ಒಂದೊಂದು ಸಾಲಿನ ವಿಷಯ ಓದುತ್ತಾ ಹೋದಂತೆ ಪದವಿನ ಆ ಮನೆ ಹಿಂದಕ್ಕೆ ಕಟ್ಟಿಕೊಳ್ಳುತ್ತಿತ್ತು. ಮೊದಲು ಗೋಡೆಯ ಬಣ್ಣ ಹೋಯಿತು, ಆಮೇಲೆ ನೆಲದ ಟೈಲ್ಸ್, ಕಿಟಕಿಯ ಚೌಕಟ್ಟು, ಮಹಡಿ, ಕೊನೆಗೆ ಕೆಂಪುಕಲ್ಲಿನ ಪಂಚಾಂಗ, ಆ ಅಡಿಪಾಯ ಮಾತ್ರ ಉಳಿಯಿತು, ಆಮೇಲೆ ಅದೂ ಇಲ್ಲ, ಬರೇ ಪದವು, ಹುಲ್ಲು, ಗಾಳಿ. ಎಲ್ಲಕ್ಕಿಂತ ಕೆಳಗೆ ಅವಳ ಮೊದಲ ಕಾಗದದ ತಲೆಬರಹ: ನಮಸ್ಕಾರ, ನಮಗೆ ಮನೆ ಇನ್ನೂ ಇಲ್ಲ, ಆದರೆ ಪರದೆಯ ಬಗ್ಗೆ ಕೇಳಬೇಕಿತ್ತು.

ಮರುದಿನ ಸಾಲುಗಳು ನಿಂತಿದ್ದವು. ಎಲ್ಲ ಬಂದಾಯಿತು ಎಂದುಕೊಂಡೆ.

ಇಲ್ಲಿ ನಾನು ಮಾಡಿದ್ದು ನಮ್ಮ ವ್ಯಾಪಾರದವರು ಮಾತ್ರ ಮಾಡುವ ತಪ್ಪು. ಸೂರತ್ತಿನಿಂದ ಬಟ್ಟೆಯ ಬೇಲು ಉಡುಪಿಯ ಪಾರ್ಸೆಲ್ ಆಫೀಸಿಗೆ ಬಂದರೆ ಅದೇ ದಿನ ಎತ್ತಿ ಜಾಗ ಖಾಲಿ ಮಾಡಬೇಕು, ಇಲ್ಲದಿದ್ದರೆ ಡ್ಯಾಮರೇಜ್ ಎಂದು ದಿನದ ಬಾಡಿಗೆ ಹಾಕುತ್ತಾರೆ. ಸರಕು ಅಂಗಡಿಗೆ ಬಂತು ಎಂದರೆ ಅಲ್ಲಿ ಒಂದು ದಾರವೂ ಉಳಿಯಬಾರದು, ಅದು ನನ್ನ ಕೈಯ ಅಭ್ಯಾಸ. ಕಾಗದಗಳು ನನ್ನ ಕಂಪ್ಯೂಟರಿಗೆ ಬಂದಿದ್ದವಲ್ಲ. ಮೇಲ್ ಕಂಪನಿಯ ಪುಟ ತೆರೆದು, ಎಲ್ಲವನ್ನೂ ಒಟ್ಟಿಗೆ ಆರಿಸಿ, ಅಳಿಸಿಬಿಟ್ಟೆ. ಹಾಗೆ ಮಾಡಿದ ಮೇಲೂ ಅಲ್ಲಿ ಜಾಗ ತುಂಬಿದೆ ಎಂದೇ ತೋರಿಸುತ್ತಿತ್ತು. ಬಾಡಿಗೆ ವಸೂಲಿಯ ಬುದ್ಧಿ ಎಂದು ಬೈದುಕೊಂಡೆ.

ತಿರುಗಿ ನನ್ನ ಪ್ರೋಗ್ರಾಮನ್ನು ನೋಡಿದರೆ ಸಾಲುಗಳು ಹೋಗುತ್ತಿದ್ದವು. ರಾತ್ರಿ ಉದ್ಯಾವರದ ಹೊಳೆಯ ಆಚೆ ದಡದ ದೀಪಗಳನ್ನು ಯಾರೋ ಒಂದೊಂದಾಗಿ ಆರಿಸುತ್ತಾ ಬಂದಂತೆ. ಉಳಿದ ಒಂದು ಸಾಲನ್ನು ಒತ್ತಿ ನೋಡಿದೆ. ಒಳಗೆ ಅಕ್ಷರ ಇರಲಿಲ್ಲ, ಬಿಳಿ. ಬಂದದ್ದು ತಲೆಬರಹಗಳು ಮಾತ್ರ, ಕಾಗದದ ಮೈ ಇನ್ನೂ ದಾರಿಯಲ್ಲಿತ್ತು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಹಾಳಾದ ಬಟ್ಟೆಗೆ ಬದಲಿ ಬಟ್ಟೆ ತರಬಹುದು. ಅವಳ ಗಂಡನಿಗೆ ನಾನು ಏನು ತಂದುಕೊಡಲಿ?

ಇದು ಸೊಸೆಗೆ ಫೋನಿನಲ್ಲಿ ಹೇಳುವ ಮಾತಲ್ಲ. ಲ್ಯಾಪ್‌ಟಾಪನ್ನು ಒಂದು ತುಂಡು ಪರದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಬಸ್ಸು ಶಿರ್ವದ ಮೇಲಿಂದ ಹೋಗುತ್ತದೆ. ಪದವಿನ ಮೇಲೆ ಆ ಮನೆ ಕಂಡಿತು. ಗಾಜಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿದ್ದರು. ಮಹಡಿಯ ಒಂದು ಕಿಟಕಿಯಲ್ಲಿ ಪತ್ರಿಕೆ ಹರಿದು ಗಾಳಿಗೆ ಆಡುತ್ತಿತ್ತು, ಒಳಗಿನಿಂದ ಯಾರೋ ನಿಧಾನಕ್ಕೆ ಕೈ ಬೀಸಿದ ಹಾಗೆ. ಬಸ್ಸು ತಿರುಗಿತು, ಮನೆ ತೆಂಗಿನ ತಲೆಗಳ ಹಿಂದೆ ಹೋಯಿತು.

ಕಾರ್ಕಳದಲ್ಲಿ ಸೊಸೆಯ ತಾಯಿ ಬನ್ಸ್ ಕರಿಯುತ್ತಿದ್ದರು. ತಿನ್ನಿ ಎಂದರು, ನಾನು ತಟ್ಟೆ ಮುಟ್ಟಲಿಲ್ಲ. ಆಗಲೇ ಸೊಸೆಗೆ ಅರ್ಥವಾಯಿತು. ನಡೆದದ್ದನ್ನು ಹೇಳಿದೆ.

"ಇದು ಸರಕು ತರುವ ಲಾರಿ ಅಲ್ಲ ಅತ್ತೆ, ಕಿಟಕಿ. ಸಾಮಾನು ಅಲ್ಲೇ ಇರ್ತದೆ, ನೀವು ಇಲ್ಲಿಂದ ನೋಡುವುದು. ಅಲ್ಲಿ ತೆಗೆದರೆ ಇಲ್ಲಿಯೂ ಹೋಗ್ತದೆ." ಆಮೇಲೆ ಏನೋ ಹೊಳೆದವಳಂತೆ ತಲೆ ಎತ್ತಿದಳು. "ಅಳಿಸಿದ ಮೇಲೆ ಜಾಗ ಖಾಲಿ ಅಂತ ತೋರಿಸಿತಾ?"

ಇಲ್ಲ, ಆಗಲೂ ತುಂಬಿದೆ ಎಂದೇ ತೋರಿಸಿತು, ಮೋಸಗಾರರು ಎಂದೆ.

"ಹಾಗಾದರೆ ಉಂಟು. ಬನ್ಸ್ ತಿನ್ನಿ."

ಅಳಿಸಿದ್ದೆಲ್ಲ ಕಸದ ಬುಟ್ಟಿಗೆ ಹೋಗಿ ಕೆಲವು ದಿನ ಅಲ್ಲೇ ಇರುತ್ತದಂತೆ. ಅವಳು ಬುಟ್ಟಿಯಿಂದ ಎಲ್ಲವನ್ನೂ ಮತ್ತೆ ಹಿಂದಕ್ಕೆ ಇಟ್ಟಳು. ಈ ಸಲ ನಾನು ಮುಟ್ಟಲಿಲ್ಲ. ಆ ದಿನ ಅಲ್ಲೇ ಉಳಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಗದಗಳು ಮೈಸಹಿತ ಇಳಿದಿದ್ದವು.

ನೀವೂ ಇದನ್ನು ಶುರು ಮಾಡುವುದಾದರೆ ನನ್ನ ಮಾತು ಕೇಳಿ. ಆ ಪ್ರೋಗ್ರಾಮಿನ ಎಡಬದಿಯಲ್ಲಿ ಕೆಳಗೆ ಲೋಕಲ್ ಫೋಲ್ಡರ್ ಎಂದು ಇರುತ್ತದೆ. ನಿಮ್ಮ ಸ್ವಂತ ಕಪಾಟು ಎಂದರೆ ಅದೊಂದೇ, ಮೇಲಿನದ್ದೆಲ್ಲ ಕಿಟಕಿ. ಬೇಕಾದ ಕಾಗದಗಳನ್ನು ಅದಕ್ಕೆ ನಕಲು ಮಾಡಿ. ಇಂಟರ್‌ನೆಟ್ ಬಂದ್ ಮಾಡಿ, ನಾಲ್ಕು ಕಾಗದ ತೆರೆದು ನೋಡಿ. ಅಕ್ಷರ ಕಂಡರೆ ಸರಕು ನಿಮ್ಮದು. ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ. ಅಳಿಸುವ ಯೋಚನೆ ಅದಾದ ಮೇಲೆ, ಅದೂ ಊಟ ಮಾಡಿ ತಲೆ ತಣ್ಣಗಿರುವಾಗ.

ಆಮೇಲೆ ಅವಳ ಕಾಗದಗಳಲ್ಲಿ "ಪಡು" ಎಂದು ಹುಡುಕಿದೆವು. ನನ್ನ ಉತ್ತರಗಳೂ ಬಂದವು. ಪಡುವಣ ಬಿಸಿಲಿಗೆ ನೆಲ ಮಾಸುತ್ತದೆ, ದಪ್ಪ ಹಸಿರು ಬಟ್ಟೆ ಒಳಪದರ ಕೊಟ್ಟು ಹೊಲಿಸಿಕೊಳ್ಳಿ ಎಂದು ನಾನು ಬರೆದಿದ್ದೆ. ಯೋಚಿಸುತ್ತೇನೆ ಎಂದಿದ್ದಳು. ಮತ್ತೆ ಬರೆದಿದ್ದೆ, ಫೋಟೋ ಸಮೇತ. ಹಸಿರು ಚಂದ ಉಂಟು ಅಕ್ಕ ಎಂದಿದ್ದಳು. ನನ್ನ ನೆನಪು ಅಲ್ಲಿಗೆ ನಿಂತಿತ್ತು. ಅದರ ಮೇಲೆ ಇನ್ನೊಂದು ಕಾಗದವಿತ್ತು.

"ಅಕ್ಕ, ಪಡು ಕಿಟಕಿಗೆ ಪರದೆ ಬೇಡ. ನಿಮಗೆ ಬೇಸರ ಆಗ್ಬಾರದು ಅಂತ ಚಂದ ಉಂಟು ಅಂದದ್ದು. ಸಣ್ಣದಿರುವಾಗ ಉದ್ಯಾವರದ ಮನೆಯಲ್ಲಿ ಮಲಗಿದ್ದಲ್ಲಿಂದ ಕಾಪು ಲೈಟ್‌ಹೌಸಿನ ಬೆಳಕು ಕಾಣ್ತಿತ್ತು. ಒಂದು ಸಲ ಬಂದು ಹೋದರೆ ಇನ್ನೊಂದು ಸಲ ಬರುವವರೆಗೆ ಕಾಯುವುದು, ಹಾಗೆ ಕಾಯ್ತಾ ನಿದ್ದೆ ಬರುವುದು. ಪದವಿನ ಮಹಡಿಯಿಂದ ಅದು ಕಾಣಬಹುದು ಅಂತ ನನಗೊಂದು ಆಸೆ. ಇವರಿಗೆ ಹೇಳಿಲ್ಲ, ಒಕ್ಕಲಿನ ದಿನ ತೋರಿಸ್ಬೇಕು."

ಅದಕ್ಕೆ ನನ್ನ ಉತ್ತರ ಒಂದೇ ಸಾಲು: ಸರಿ, ರಾಡ್ ಮಾತ್ರ ಈಗಲೇ ಹಾಕಿಸಿಡಿ, ಮನಸ್ಸು ಬದಲಾದರೆ ಸುಲಭ.

ಸೊಸೆ ಓದಿ ನನ್ನ ಮುಖ ನೋಡಿದಳು. ಆ ಕಾಗದವನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗೆ ಕೊಟ್ಟಳು.

ಉಡುಪಿಯ ಬಸ್ಸಿನಲ್ಲಿ ಮಣಿಪಾಲ ದಾಟಿ ಬಂದು, ಕಡಿಯಾಳಿಯಲ್ಲಿ ಇಳಿದು ಆ ಕಾಗದದ ಪ್ರಿಂಟ್ ತೆಗೆಸಿದೆ. ನನ್ನ ಉತ್ತರವನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಸಂಜೆಗೆ ಪದವಿನ ಮನೆಗೆ ಹೋದೆ. ಅವರು ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ಪಡು ಕಿಟಕಿಯ ಮೇಲೆ ಹಿತ್ತಾಳೆಯ ರಾಡ್ ಹೊಳೆಯುತ್ತಿತ್ತು. ಅವಳು ಹಾಕಿಸಿಡಿ ಎಂದಿದ್ದಳಂತೆ, ನನ್ನ ಮಾತು ಕೇಳಿ. ಅವರು ನಿಂತೇ ಓದಿದರು, ಎರಡು ಸಲ ಓದಿದರು. ಆಮೇಲೆ ಸ್ಟೂಲ್ ತಂದು ರಾಡ್ ಬಿಚ್ಚತೊಡಗಿದರು. ನಾನು ಸ್ಟೂಲ್ ಹಿಡಿದುಕೊಂಡೆ. ಹಸಿರು ಬಟ್ಟೆ ಕತ್ತರಿಸಿಟ್ಟ ವಿಷಯ ಹೇಳಲಿಲ್ಲ.

ಇಬ್ಬರೂ ನೆಲದ ಮೇಲೆ ಕೂತೆವು. ಆಕಾಶದ ಕೆಂಪು ಇಳಿಯಿತು, ತೆಂಗಿನ ತೋಟಗಳು ಒಂದೇ ಕಪ್ಪು ಗೆರೆಯಾದವು. ಗೋಡೆಯ ಮೇಲೆ ಬೆಳಕೇನೂ ಬೀಳಲಿಲ್ಲ, ಅಷ್ಟು ದೂರಕ್ಕೆ ಬೀಳುವುದೂ ಇಲ್ಲ. ಆದರೆ ಗೆರೆಯ ಆಚೆ ಒಂದು ಚುಕ್ಕೆ ಹೊಳೆದು ಹೋಯಿತು. ನಾವು ಕಾದೆವು. ಮತ್ತೆ ಬಂತು.

"ಕಾಣ್ತದೆ ಅಲ್ವಾ ಅಕ್ಕ," ಎಂದರು, ತಮಗೇ ಹೇಳಿಕೊಂಡ ಹಾಗೆ.

ಸ್ವಲ್ಪ ಹೊತ್ತಿನ ಮೇಲೆ ತಮ್ಮ ಲ್ಯಾಪ್‌ಟಾಪ್ ತಂದರು. ಮದುವೆಯಾದ ಮೊದಲ ವರ್ಷಗಳಲ್ಲಿ ಅವಳು ಊರಲ್ಲಿದ್ದು ಅವರು ಕುವೈತಿನಲ್ಲಿದ್ದಾಗ ಬರೆದ ಕಾಗದಗಳು ಅವರ ಪೆಟ್ಟಿಗೆಯಲ್ಲೂ ಇದ್ದವು. ಅವಳು ಹೋದ ಮೇಲೆ ತೆರೆದಿರಲಿಲ್ಲ. ಆ ಪ್ರೋಗ್ರಾಮನ್ನು ನಾನೇ ಇಳಿಸಿ ಹಾಕಿದೆ. ಹೆಸರು ಕೇಳಿತು, ವಿಳಾಸ ಕೇಳಿತು, ಪಾಸ್‌ವರ್ಡ್ ಅವರೇ ಒತ್ತಿದರು, ಅದು ಅವಳ ಹೆಸರೇ ಇರಬೇಕು, ಬೆರಳು ನಿಧಾನವಾಯಿತು. ಸಾಲುಗಳು ಇಳಿಯತೊಡಗಿದವು. ಕಿಟಕಿಯಲ್ಲಿ ಚುಕ್ಕೆ ಬಂದು ಹೋಗುತ್ತಿತ್ತು.

ಎಲ್ಲ ಬರಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು.

"ಅದರಷ್ಟಕ್ಕೆ ಬರ್ಲಿ ಅಣ್ಣ," ಎಂದೆ. "ಎರಡು ದಿನ ನೀವು ಎಂತದೂ ಮುಟ್ಟಬೇಡಿ."