ಫೋನ್ ಬೋರಲು ಹಾಕಿಸುತ್ತಿದ್ದ ಡಾಕ್ಟರು

ಡಾಕ್ಟರ್ ನಾಗಭೂಷಣ ಅವರ ಕ್ಲಿನಿಕ್ಕಿಗೆ ಹೋದವರು ಮೊದಲು ಮಾಡಬೇಕಾಗಿದ್ದ ಕೆಲಸವೆಂದರೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕುವುದು. ನಾಯಿಯ ರಕ್ತಪರೀಕ್ಷೆಯ ರಿಪೋರ್ಟು ಲ್ಯಾಬಿನಿಂದ ಬರುತ್ತಿದ್ದದ್ದು ಫೋನಿಗೇ, ಅದನ್ನು ತೋರಿಸಲೆಂದೇ ನಾವು ಹೋಗಿರುತ್ತಿದ್ದೆವು. ಅವರು ಮಾತ್ರ ಮೊದಲಿಗೆ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಬೋರಲು ಹಾಕಿ ಮೇಡಮ್, ಅದೆಲ್ಲೂ ಓಡೋಗಲ್ಲ" ಎಂದು, ಆ ದಪ್ಪ ಮೈಯನ್ನು ಹೇಗೋ ಮಡಚಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ನಾಯಿ ತಾನಾಗಿ ಬಂದು ಮೂಸುವವರೆಗೂ ಅದನ್ನು ಮುಟ್ಟುತ್ತಿರಲಿಲ್ಲ. ಅಷ್ಟು ಹೊತ್ತೂ ನಾನು ಕುರ್ಚಿಯ ತುದಿಯಲ್ಲಿ ಕೂತು, ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬಂದಿದ್ದ ಅಂಕಿಗಳನ್ನು ನೆನೆದು ಬೆವರುತ್ತಿದ್ದೆ.

ನಾನು ಮಲ್ಲೇಶ್ವರಂನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕಕ್ಕೆ ಒಂದೇ ಉತ್ತರ, ಅದು ಪುಸ್ತಕದ ಕೊನೆಯಲ್ಲಿ ಇರುತ್ತದೆ ಎಂದು ನಂಬಿ ಬದುಕಿದವಳು. ಅಂಥವಳಿಗೆ ಈ ಮನುಷ್ಯ ಗಂಟುಬಿದ್ದದ್ದು ಪುಟ್ಟಿಯಿಂದ. ಪುಟ್ಟಿ ನಮ್ಮ ಬೀದಿಯಲ್ಲೇ ಹುಟ್ಟಿದ ಕಂದು ನಾಯಿ. ಅಮ್ಮ ತರಕಾರಿ ತರಲು ಹೋದವಳು ಮರಿಯನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಅವತ್ತಿನಿಂದ ಮನೆಯಲ್ಲಿ ನಾವಿಬ್ಬರಲ್ಲ, ಮೂವರು.

ಮೊದಲ ಸಲ ರಿಪೋರ್ಟ್ ಹಿಡಿದು ಓಡಿದಾಗ ಅದರ ತುಂಬ 'ಹೆಚ್ಚು' ಎಂಬ ಗುರುತುಗಳಿದ್ದವು. ಡಾಕ್ಟರು ನೆಗೆಯುತ್ತಿದ್ದ ಪುಟ್ಟಿಯನ್ನು ಸಮಾಧಾನವಾಗಿ ನೋಡಿ ಮುಗಿಸಿ, ಆಮೇಲೆ ಕನ್ನಡಕ ಏರಿಸಿ ಫೋನು ನೋಡಿದರು. "ರಿಪೋರ್ಟ್ ಚೆನ್ನಾಗಿಲ್ಲ. ನಾಯಿ ಚೆನ್ನಾಗೈತೆ" ಎಂದರು. ಅದು ಹೇಗೆ ಸಾಧ್ಯ ಎಂದು ಕೇಳಿದೆ. ಅವರು ಅಮ್ಮನ ಕಡೆ ತಿರುಗಿ, ಬೆಳಗ್ಗೆ ಮನೆಯಲ್ಲಿ ಏನು ತಿಂಡಿ ಎಂದು ವಿಚಾರಿಸಿದರು. ದೋಸೆ ಎಂದಳು ಅಮ್ಮ. ಯಾರ್ಯಾರಿಗೆ ಎಂದರು. ಅಮ್ಮ ಫ್ಯಾನು ನೋಡತೊಡಗಿದಳು.

ಸಂಗತಿ ಇಷ್ಟು. ರಾತ್ರಿಯಿಂದ ಏನೂ ತಿನ್ನಿಸದೆ ರಕ್ತ ಕೊಡಿಸಿ ಎಂದು ಲ್ಯಾಬಿನವರು ಹೇಳಿದ್ದರು. ನಮ್ಮ ಮನೆಯಲ್ಲಾದರೋ ಅಜ್ಜಿಯ ಕಾಲದಿಂದ ಕಾವಲಿಯ ಮೊದಲ ದೋಸೆ ನಾಯಿಗೆ. ಬಾಯಿಲ್ಲದ ಜೀವ ಹಸಿದು ಕೂತಿರುವಾಗ ನಾವು ತಿಂದರೆ ಮೈಗೆ ಹತ್ತುತ್ತದೆಯೇ ಎಂದು ಅಮ್ಮ ನನಗೂ ಹೇಳದೆ ತುಪ್ಪ ಸವರಿ ಕೊಟ್ಟಿದ್ದಳು. ತುಪ್ಪ ತಿಂದ ನಾಯಿಯ ರಕ್ತ ಹಾಲಿನಂತೆ ಮಬ್ಬಾಗಿ, ಯಂತ್ರ ದಾರಿ ತಪ್ಪಿತ್ತು. ಡಾಕ್ಟರು ಬೈಯಲಿಲ್ಲ. "ದನ ನಾಯಿ ಸುಳ್ಳು ಹೇಳಲ್ಲ ತಾಯಿ. ಹೇಳೋರು ಮಾಲೀಕರು" ಎಂದು ನಕ್ಕು, ಇನ್ನೊಮ್ಮೆ ರಕ್ತ ಕೊಡಿಸಿ ಎಂದರು.

ಎರಡನೇ ಸಲವೂ ಒಂದು ಅಂಕಿ, ಇಷ್ಟರೊಳಗಿರಬೇಕು ಎಂದು ಲ್ಯಾಬಿನವರು ಹಾಕಿದ್ದ ಗೆರೆ ದಾಟಿತ್ತು. ಅದಕ್ಕೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಆ ಗೆರೆ ಎಳೆಯುವುದೇ ಆರೋಗ್ಯವಾಗಿರುವ ನಾಯಿಗಳ ರಕ್ತ ನೋಡಿ, ನೂರು ನಾಯಿ ನಿಲ್ಲಿಸಿದರೆ ನಾಲ್ಕೈದು ಗೆರೆಯಾಚೆ ಇದ್ದೇ ಇರುತ್ತವೆ, ಅವಕ್ಕೂ ಏನೂ ಆಗಿರುವುದಿಲ್ಲ ಎಂದು ವಿವರಿಸಿದರು. ಹಾಗಾದರೆ ನಮ್ಮ ಪುಟ್ಟಿ ಆ ನಾಲ್ಕೈದರಲ್ಲಿ ಒಂದೋ, ಇಲ್ಲಾ ನಿಜವಾಗಿ ಕಾಯಿಲೆಯವಳೋ ಎಂದು ಕೇಳಿದೆ. "ಅದೇ ನೋಡಿ ಪ್ರಶ್ನೆ" ಎಂದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡರು. ಆಟೋದಲ್ಲಿ ಮನೆಗೆ ಬರುವಾಗ ಅಮ್ಮ, ಡಾಕ್ಟರು ಏನು ಹೇಳಿದರೇ ಎಂದಳು. ಏನು ಹೇಳಿದರೋ ನನಗೂ ತಿಳಿದಿರಲಿಲ್ಲ.

ಹೀಗೆ ವರ್ಷಗಳು ಹೋದವು. ಪುಟ್ಟಿಯ ಮೂತಿ ಬೆಳ್ಳಗಾಯಿತು. ಒಂದು ಬೇಸಿಗೆಯಲ್ಲಿ ಊಟ ಬಿಟ್ಟಳು. ಪರೀಕ್ಷೆ ಮಾಡಿಸಿದರೆ ಲಿವರಿನ ಅಂಕಿ ಆಕಾಶಕ್ಕೇರಿತ್ತು. ಡಾಕ್ಟರು ಆ ಸಲ ನಗಲಿಲ್ಲ. ಮಾತ್ರೆ ಬರೆದರು, ಪಥ್ಯ ಹೇಳಿದರು, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂದರು. ಒಂದೊಂದು ತಿಂಗಳೂ ಅಂಕಿ ಇಳಿಯುತ್ತ ಬಂದು ಕೊನೆಗೆ ಗೆರೆಯೊಳಗೇ ಬಂದುಬಿಟ್ಟಿತು. ಅದರ ಜೊತೆಗೆ ಇನ್ನೆರಡು ಕಡೆ 'ಕಡಿಮೆ' ಎಂಬ ಗುರುತು ಇತ್ತು, ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ? ನಮ್ಮದು ಸಕ್ಕರೆ ಕಾಯಿಲೆಯ ವಂಶ. ಶುಗರು, ಬಿಪಿ, ಕೊಲೆಸ್ಟ್ರಾಲು ಎಲ್ಲದರಲ್ಲೂ ಕಡಿಮೆ ಬಂದರೆ ಹಬ್ಬ ಮಾಡಿದವರು ನಾವು. ಪುಟ್ಟಿಯ ಹೊಟ್ಟೆಯೂ ದುಂಡಗಾಗಿತ್ತು. ಮೈ ಕೈ ತುಂಬಿಕೊಳ್ಳುತ್ತಿದ್ದಾಳೆ ಎಂದು ಅಮ್ಮ ದೃಷ್ಟಿ ತೆಗೆದಳು. ಡಾಕ್ಟರಿಗೆಂದು ಒಬ್ಬಟ್ಟು ಮಾಡಿ ಡಬ್ಬಿಗೆ ಹಾಕಿಕೊಂಡಳು.

ಅವತ್ತೂ ಫೋನು ಬೋರಲು ಬಿತ್ತು. ಡಾಕ್ಟರು ನೆಲಕ್ಕೆ ಕೂತರು. ಪುಟ್ಟಿ ನಿಧಾನವಾಗಿ ಹೋಗಿ ಅವರ ತೊಡೆಗೆ ಒರಗಿದಳು. ಅವರು ಹೊಟ್ಟೆಯ ಒಂದು ಮಗ್ಗುಲಿಗೆ ಅಂಗೈ ಒತ್ತಿ ಹಿಡಿದು ಇನ್ನೊಂದು ಮಗ್ಗುಲಿಗೆ ಬೆರಳಿನಿಂದ ತಟ್ಟಿದರು. ಮತ್ತೆ ತಟ್ಟಿದರು. ಎದ್ದು ಕೈ ತೊಳೆದು ಫೋನು ತೆಗೆದುಕೊಂಡರು. ಬಹಳ ಹೊತ್ತು ಓದಿದರು.

"ರಿಪೋರ್ಟ್ ಚೆನ್ನಾಗಿ ಕಾಣ್ತೈತೆ ಮೇಡಮ್. ನಾಯಿ ಚೆನ್ನಾಗಿಲ್ಲ" ಎಂದರು.

ನನಗೆ ರೇಗಿತು. ಇಳಿಯಬೇಕಾದದ್ದು ಇಳಿದಿದೆ, ಉಳಿದದ್ದೂ ಕಡಿಮೆಯೇ ಇದೆ, ಇನ್ನೇನು ಬೇಕು ನಿಮಗೆ ಎಂದು ಕೇಳಿಯೇಬಿಟ್ಟೆ.

ಅವರು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ಲಿವರ್‌ಗೆ ಗಾಯ ಆದ್ರೆ ಅದರೊಳಗಿಂದು ರಕ್ತಕ್ಕೆ ಸೋರ್ತದೆ. ಅದೇ ಜಾಸ್ತಿ ಅಂತ ಕಾಣೋದು. ಈಗ ಸೋರೋಕೆ ಅಲ್ಲೇನೂ ಉಳಿದಿಲ್ಲ. ಈ ಕಡಿಮೆ ಅಂತ ಬಂದಿರೋ ಪ್ರೋಟೀನು ಲಿವರ್ರೇ ಮಾಡ್ಬೇಕಿತ್ತು, ಮಾಡ್ತಿಲ್ಲ. ಅದಕ್ಕೇ ಹೊಟ್ಟೇಲಿ ನೀರು ತುಂಬೈತೆ."

ನಾವು ಹಬ್ಬ ಮಾಡಿದ್ದು ಯಾವುದಕ್ಕೆ ಎಂದು ನನಗೆ ಆಗ ತಿಳಿಯಿತು. ಅಮ್ಮ ಒಬ್ಬಟ್ಟಿನ ಡಬ್ಬಿಯನ್ನು ಮಡಿಲಲ್ಲೇ ಹಿಡಿದುಕೊಂಡಿದ್ದಳು. ತಿಂಗಳಿಗೊಮ್ಮೆ ಎಂದು ಕಾಯದೆ, ಹೊಟ್ಟೆ ದುಂಡಗಾದಾಗಲೇ ಕರೆತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದಳು. ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

"ಗೊತ್ತಿಲ್ಲ ತಾಯಿ" ಎಂದರು. "ಇಷ್ಟು ವರ್ಷ ನೋಡಿದೀನಿ. ಇದೊಂದು ನಂಗೂ ಗೊತ್ತಾಗಿಲ್ಲ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿಯನ್ನು ಅವರ ಕೈಗಿಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಹೊಟ್ಟೆಯ ನೀರು ತೆಗೆಸಿಕೊಂಡು ಪುಟ್ಟಿ ಗೌರಿ ಹಬ್ಬದವರೆಗೂ ಇದ್ದಳು. ಅಮ್ಮನ ಹಳೇ ಸೀರೆಯ ಮೇಲೆ ಮಲಗಿದ್ದಂತೆಯೇ ಹೋದಳು. ಫೋನಿನಲ್ಲಿ ತಿಳಿಸಿದ್ದಕ್ಕೆ ಡಾಕ್ಟರು ಮನೆಗೇ ಬಂದು, ಅವಳ ಪಕ್ಕ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಯುಗಾದಿಯ ಹೊತ್ತಿಗೆ ಅವರೂ ಇರಲಿಲ್ಲ. ಎದೆನೋವು ಎಂದು ಕೂತವರು ಏಳಲಿಲ್ಲವಂತೆ. ಕ್ಲಿನಿಕ್ಕಿದ್ದ ಜಾಗದಲ್ಲಿ ಈಗ ಮೊಮೊ ಮಾರುತ್ತಾರೆ.

ಅಮ್ಮ ಈಗಲೂ ಸಂಜೆ ದೀಪ ಹಚ್ಚಿ ಬಂದು ಕೂತಾಗ ಒಮ್ಮೊಮ್ಮೆ, ಬೇಗ ಕರೆದುಕೊಂಡು ಹೋಗಿದ್ದರೆ ಪುಟ್ಟಿ ಉಳಿಯುತ್ತಿದ್ದಳೇನೇ ಎಂದು ಕೇಳುತ್ತಾಳೆ. ನಾನು ಗೊತ್ತಿಲ್ಲಮ್ಮ ಎನ್ನುತ್ತೇನೆ. ಬೇರೆ ಉತ್ತರ ನನಗೂ ಸಿಕ್ಕಿಲ್ಲ.

"ಅವರೂ ಅದನ್ನೇ ಹೇಳಿದ್ರು" ಎನ್ನುತ್ತಾಳೆ ಅಮ್ಮ. "ಆದ್ರೆ ಅವರು ಹೇಳಿದಾಗ ಸಮಾಧಾನ ಆಗಿತ್ತು ಕಣೇ."